ಕಾಮಿಕ್ ಕಾನ್‌ಗೆ ಹೊರಟ ದಾವಣಗೆರೆ: ಮೊದಲು ದಾರಿಯ ಲೆಕ್ಕ

ವೈಟ್‌ಫೀಲ್ಡ್‌ನಲ್ಲಿ ಮನೆಯಿರುವ ಹುಡುಗನಿಗೆ ಬೆಂಗಳೂರು ಕಾಮಿಕ್ ಕಾನ್ ಒಂದು ಶನಿವಾರದ ತಿರುಗಾಟ, ಅಷ್ಟೆ. ಕಾಲು ಸೋತರೆ ಮನೆಗೆ ಹೋಗಿ ಒಂದು ನಿದ್ದೆ ತೆಗೆಯಬಹುದು, ಹಾಕಿದ ವೇಷದ ಹೊಲಿಗೆ ಬಿಟ್ಟರೆ ಬದಲಿಸಿಕೊಂಡು ಬರಬಹುದು. ದಾವಣಗೆರೆಯ ಇಂಜಿನಿಯರಿಂಗ್ ವಿದ್ಯಾರ್ಥಿಗೆ, ಹರಿಹರದ ಪಿಯು ಹುಡುಗಿಗೆ ಈ ಸವಲತ್ತಿಲ್ಲ. ಅವರಿಗೂ ಮೇಳಕ್ಕೂ ನಡುವೆ 260 ಕಿ.ಮೀ.ಗೂ ಹೆಚ್ಚು ದೂರವಿದೆ. ಮೊದಲ ಸಲ ಹೋಗುವವರಿಗೆಂದು ಸಿಗುವ ಸಲಹೆಗಳು ಹೆಚ್ಚಾಗಿ ಮೇಳದ ಬಾಗಿಲಿನಿಂದ ಶುರುವಾಗುತ್ತವೆ. ನಮ್ಮ ಕಡೆಯವರ ತಯಾರಿ ಶುರುವಾಗಬೇಕಾದದ್ದು ಅದಕ್ಕೆ ಎರಡು ತಿಂಗಳು ಮೊದಲು, ರೈಲ್ವೆ ಟಿಕೆಟ್‌ನಿಂದ. ಹೋಗಿಬರುವ ಲೆಕ್ಕ ಗಟ್ಟಿಯಾಗಿದ್ದರೆ ಒಳಗೆ ಹಾಯಾಗಿ ಸುತ್ತಬಹುದು. ಅದು ತಪ್ಪಿದರೆ ಒಳಗಿದ್ದಷ್ಟು ಹೊತ್ತೂ ಮನಸ್ಸು ಗಡಿಯಾರದ ಮೇಲೆಯೇ ಇರುತ್ತದೆ.

ಏನಿದು ಮೇಳ?

ಮಕ್ಕಳ ಬಾಯಲ್ಲಿ ಈ ಹೆಸರು ಕೇಳಿ ಕಕ್ಕಾಬಿಕ್ಕಿಯಾದ ತಂದೆ-ತಾಯಿಗೆ ಒಂದಿಷ್ಟು ಹಿನ್ನೆಲೆ ಹೇಳಬೇಕು. ಚಿತ್ರಕಥೆ, ಸೂಪರ್‌ಹೀರೊ ಸಿನಿಮಾ, ಜಪಾನಿನ ಅನಿಮೆ, ವಿಡಿಯೊ ಗೇಮ್‌ಗಳ ಅಭಿಮಾನಿಗಳು ಒಂದೆಡೆ ಸೇರುವ ಸಮಾವೇಶ ಇದು. 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮಾವೇಶ ನಡೆದಾಗ ಫಾರೆಸ್ಟ್ ಅಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಭವಿಷ್ಯದ ಕಾಲದ ಉಡುಪು ತೊಟ್ಟು ಬಂದಿದ್ದರು. ವೇಷ ಹಾಕಿಕೊಂಡು ಹೋಗುವ ರೂಢಿಯ ಬೇರು ಅಲ್ಲಿದೆ. 1970ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಮುನ್ನೂರರಷ್ಟು ಜನ ಸೇರಿ ಆರಂಭಿಸಿದ ಕಾಮಿಕ್ ಕಾನ್‌ಗೆ ಈಗ ಲಕ್ಷಕ್ಕೂ ಹೆಚ್ಚು ಮಂದಿ ಬರುತ್ತಾರೆ. ಭಾರತದಲ್ಲಿ ಇದು ಶುರುವಾದದ್ದು 2011ರಲ್ಲಿ, ದೆಹಲಿಯ ದಿಲ್ಲಿ ಹಾಟ್‌ನಲ್ಲಿ. ಬೆಂಗಳೂರಿಗೆ ಬಂದದ್ದು 2012ರ ಸೆಪ್ಟೆಂಬರ್‌ನಲ್ಲಿ, ಕೋರಮಂಗಲದ ಒಳಾಂಗಣ ಕ್ರೀಡಾಂಗಣಕ್ಕೆ. ಇತ್ತೀಚಿನ ವರ್ಷಗಳಲ್ಲಿ ವೈಟ್‌ಫೀಲ್ಡ್‌ನ ಕೆಟಿಪಿಒ ಸಭಾಂಗಣದಲ್ಲಿ, ನವೆಂಬರ್‌ನಿಂದ ಜನವರಿಯೊಳಗಿನ ಒಂದು ವಾರಾಂತ್ಯದಲ್ಲಿ ನಡೆಯುತ್ತಿದೆ.

ಇದೆಲ್ಲ ಪರದೇಶದ ಹುಚ್ಚು ಎಂದು ಮೂಗು ಮುರಿಯುವವರು ತಮ್ಮ ಬಾಲ್ಯವನ್ನೇ ನೆನೆಯಲಿ. ‘ಬಾಲಮಂಗಳ’ದ ಡಿಂಗನಿಗಾಗಿ ಪುಸ್ತಕದಂಗಡಿ ಮುಂದೆ ಕಾದವರು ನಮ್ಮೂರಲ್ಲೇ ಎಷ್ಟೋ ಮಂದಿ ಇದ್ದಾರೆ. ‘ಅಮರ ಚಿತ್ರಕಥೆ’ 1967ರಲ್ಲಿ ಅನಂತ ಪೈ ಅವರ ಹೆಸರಿನೊಂದಿಗೆ ದೇಶಕ್ಕೆಲ್ಲ ಪರಿಚಯವಾಯಿತು. ಅದಕ್ಕೂ ಮೊದಲು, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಆ ಹೆಸರಿನ ಪುಸ್ತಕಗಳು ಕನ್ನಡದಲ್ಲಿ ಬಂದಿದ್ದವು.

ಟಿಕೆಟ್, ರೈಲು, ಲಗೇಜು

ಮೇಳದ ಒಂದು ದಿನದ ಟಿಕೆಟ್ ಸಾವಿರ ರೂಪಾಯಿ ಆಸುಪಾಸಿನಿಂದ ಶುರುವಾಗುತ್ತದೆ. ಯಾವ ದಿನಕ್ಕೆ ತೆಗೆದುಕೊಂಡಿದ್ದೀರೋ ಆ ದಿನಕ್ಕೆ ಮಾತ್ರ ಅದು ನಡೆಯುತ್ತದೆ. ಆನ್‌ಲೈನ್‌ನಲ್ಲೇ ಕೊಳ್ಳುವುದು ಕ್ಷೇಮ. ಬಾಗಿಲಲ್ಲಿ ಸಿಕ್ಕೀತೆಂದು 260 ಕಿ.ಮೀ. ಹೋಗುವುದು ಜಾಣತನವಲ್ಲ. ಟಿಕೆಟ್‌ನ ಕ್ಯೂಆರ್ ಕೋಡನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಸಾವಿರಾರು ಫೋನುಗಳು ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಕೈಕೊಡುವುದು ಸಾಮಾನ್ಯ.

2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಬುಕಿಂಗ್ ಅವಧಿ 120 ದಿನಗಳಿಂದ 60ಕ್ಕೆ ಇಳಿದಿದೆ. ಮೇಳದ ದಿನಾಂಕ ಹೊರಬಿದ್ದ ಕೂಡಲೇ ಅರವತ್ತು ದಿನ ಹಿಂದಕ್ಕೆ ಎಣಿಸಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಧಾರವಾಡ–ಬೆಂಗಳೂರು ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ, ನಿಜ. ಆದರೆ ಅದು ಮಧ್ಯಾಹ್ನ ಇಲ್ಲಿ ದಾಟಿ ಸಂಜೆ ಬೆಂಗಳೂರು ಸೇರುವ ರೈಲು. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿಯುವವರಿಗೆ ಸರಿ. ಬೆಳಿಗ್ಗೆಯೇ ಮೇಳದ ಸಾಲಿನಲ್ಲಿ ನಿಲ್ಲಬೇಕೆಂದರೆ ಹುಬ್ಬಳ್ಳಿ ಕಡೆಯಿಂದ ಬರುವ ರಾತ್ರಿ ರೈಲು ಹಿಡಿಯಬೇಕು.

ಮೊದಲ ಸಲದವರು ಎಡವುವುದು ಇಲ್ಲೇ. ರಾತ್ರಿ ರೈಲು ದಾವಣಗೆರೆಗೆ ಹನ್ನೆರಡು ದಾಟಿದ ಮೇಲೆ ಬರುವುದಾದರೆ ರೈಲ್ವೆಯ ಲೆಕ್ಕದಲ್ಲಿ ಆಗಲೇ ಮರುದಿನವಾಗಿರುತ್ತದೆ. ಶುಕ್ರವಾರ ರಾತ್ರಿ ಊಟ ಮುಗಿಸಿ ಹೊರಡುವವರು ಶನಿವಾರದ ದಿನಾಂಕಕ್ಕೆ ಬುಕ್ ಮಾಡಬೇಕು. ಶುಕ್ರವಾರವೆಂದು ಹಾಕಿದರೆ ನೀವು ಸ್ಟೇಷನ್ನಿಗೆ ಬರುವ ಹೊತ್ತಿಗೆ ನಿಮ್ಮ ರೈಲು ಹೋಗಿ ಇಪ್ಪತ್ತನಾಲ್ಕು ಗಂಟೆ ಆಗಿರುತ್ತದೆ. ಹರಿಹರದವರು ಇನ್ನೂ ಎಚ್ಚರವಾಗಿರಬೇಕು: ಹರಿಹರಕ್ಕೆ ಹನ್ನೆರಡಕ್ಕೆ ಮುಂಚೆ ಬಂದ ರೈಲು ದಾವಣಗೆರೆಗೆ ಬರುವಾಗ ಹನ್ನೆರಡು ದಾಟಿರಬಹುದು. ಗೆಳೆಯರಿಬ್ಬರು ಎರಡು ಊರಿಂದ ಹತ್ತುವುದಾದರೆ ಒಂದೇ ರೈಲಿಗೆ ಎರಡು ದಿನಾಂಕ ಬರುತ್ತದೆ.

ರೈಲು ಸಿಗದಿದ್ದರೆ ಸರ್ಕಾರಿ ಬಸ್ಸು ಇದ್ದೇ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಐರಾವತಕ್ಕೆ ಅದು ಅನ್ವಯಿಸುವುದಿಲ್ಲ. ದುಡ್ಡು ಉಳಿಯುತ್ತದೆ, ಆದರೆ ರಾತ್ರಿಯಿಡೀ ಕೂತೇ ಬಂದ ಬೆನ್ನು ಮರುದಿನ ಎಂಟು ತಾಸು ನಿಲ್ಲುವಾಗ ಲೆಕ್ಕ ಕೇಳುತ್ತದೆ.

ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ ಇಳಿದರೆ ಪಕ್ಕದಲ್ಲೇ ನೇರಳೆ ಮೆಟ್ರೊ. 2023ರ ಅಕ್ಟೋಬರ್‌ನಿಂದ ಆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ತಿ ತೆರೆದಿದೆ, ಎಲ್ಲೂ ಬದಲಿಸಬೇಕಿಲ್ಲ. ನಲ್ಲೂರಹಳ್ಳಿ, ಸತ್ಯಸಾಯಿ ಆಸ್ಪತ್ರೆ ನಿಲ್ದಾಣಗಳ ಆಸುಪಾಸಿನಲ್ಲಿ ಕೆಟಿಪಿಒ ಇದೆ. ಮೆಟ್ರೊದಲ್ಲಿ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಯಶವಂತಪುರದಲ್ಲಿ ಇಳಿದವರು ಹಸಿರು ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ.

ಬ್ಯಾಗನ್ನು ದಿನವಿಡೀ ಹೊತ್ತು ತಿರುಗಬೇಡಿ. ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡಬಹುದು, ಆದರೆ ಬೀಗ ಹಾಕಿರದ ಬ್ಯಾಗನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ರೈಲ್ವೆ ಟಿಕೆಟ್ಟನ್ನೂ ತೋರಿಸಬೇಕು. ಇಪ್ಪತ್ತು ರೂಪಾಯಿ ಬೀಗ ಮರೆತು ಇಡೀ ದಿನ ಹೆಗಲು ನೋಯಿಸಿಕೊಳ್ಳುವುದು ಯಾರಿಗೂ ಬೇಡ.

ವೇಷ ಕಟ್ಟುವ ವಿದ್ಯೆ

ವೇಷ ಕಡ್ಡಾಯವಲ್ಲ. ಸಾದಾ ಬಟ್ಟೆಯಲ್ಲಿ ಬರುವವರೇ ಹೆಚ್ಚು. ಹಾಕಲೇಬೇಕೆಂಬ ಆಸೆಯಿದ್ದರೆ, ಚಿಂದೋಡಿ ಲೀಲಾ ಅವರ ಕಂಪನಿ ನಾಟಕಗಳನ್ನು ಕಂಡ ಊರಿಗೆ ವೇಷ ಕಟ್ಟುವುದು ಹೊಸ ವಿದ್ಯೆಯೇನಲ್ಲ. ದುಬಾರಿ ಉಡುಪು ತರಿಸುವುದಕ್ಕಿಂತ ಟೈಲರ್ ಹತ್ತಿರ ಹೊಲಿಸುವುದು ಅಗ್ಗ, ಅಳತೆಯೂ ಸರಿ ಬರುತ್ತದೆ. ಕವಚ, ಕತ್ತಿಗಳಿಗೆ ಫೋಮ್ ಶೀಟ್ ಸಾಕು: ಬಿಸಿಗಾಳಿ ಹಾಯಿಸಿದರೆ ಬಾಗುತ್ತದೆ, ಆರಿದ ಮೇಲೆ ಆ ಬಾಗು ಹಾಗೇ ನಿಲ್ಲುತ್ತದೆ. ಮೇಲೆ ಫೆವಿಕಾಲ್ ಬಳಿದು ಒಣಗಿಸಿ ಬಣ್ಣ ಹಚ್ಚಿದರೆ ಬಣ್ಣ ಹೀರುವುದಿಲ್ಲ.

ದೂರದಿಂದ ಹೋಗುವವರ ವೇಷಕ್ಕೆ ಒಂದು ಷರತ್ತು ಹೆಚ್ಚು: ಅದು ಬರ್ತಿನ ಕೆಳಗೆ ಹಿಡಿಯಬೇಕು. ನಾಲ್ಕಡಿ ಕತ್ತಿಯನ್ನು ಮೂರು ತುಂಡಾಗಿ ಮಾಡಿ, ಸೇರುವಲ್ಲಿ ವೆಲ್ಕ್ರೊ ಅಂಟಿಸಿ, ಪಂಚೆಯಲ್ಲಿ ಸುತ್ತಿ ಒಯ್ಯಿರಿ. ರೈಲಲ್ಲೂ ಮೆಟ್ರೊದಲ್ಲೂ ವೇಷ ಹಾಕಿಕೊಂಡು ಕೂರಬೇಡಿ. ಮೆಟ್ರೊದ ತಪಾಸಣೆಯಲ್ಲಿ ಆಟಿಕೆ ಬಂದೂಕು ಕಂಡರೂ ಸಿಬ್ಬಂದಿ ತಡೆದು ನಿಲ್ಲಿಸಬಹುದು. ಬಂದೂಕು ಬೇಕಾಗುವ ಪಾತ್ರವನ್ನು ಮೊದಲ ಸಲಕ್ಕೆ ಬಿಟ್ಟುಬಿಡುವುದೇ ಲೇಸು. ಲೋಹದ ಅಲಗು, ಚೂಪು ತುದಿ ಇದ್ದದ್ದು ಮೇಳದ ಬಾಗಿಲಲ್ಲೂ ಒಳಗೆ ಹೋಗುವುದಿಲ್ಲ. ಸೂಜಿ-ದಾರ, ಸೇಫ್ಟಿ ಪಿನ್, ಅಂಟು ಟೇಪು ಜೇಬಿನಲ್ಲಿರಲಿ. ಮನೆಯಲ್ಲಿ ವೇಷ ಹಾಕಿಕೊಂಡು ಒಮ್ಮೆ ಮೆಟ್ಟಿಲು ಹತ್ತಿ ಇಳಿದು, ನೆಲಕ್ಕೆ ಕೂತು ಎದ್ದು ನೋಡಿ. ಬಚ್ಚಲಿಗೆ ಹೋಗಿಬರುವುದು ಸಾಧ್ಯವೇ ಎಂದೂ ನೋಡಿ.

ಬೇರೆಯವರ ವೇಷ ಇಷ್ಟವಾದರೆ ಕೇಳಿ ಫೋಟೊ ತೆಗೆಯಿರಿ, ಮೈ ಮುಟ್ಟಬೇಡಿ. 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್‌ನವರು ಸಭಾಂಗಣದ ತುಂಬ ಫಲಕ ನಿಲ್ಲಿಸಿ, ವೇಷ ಹಾಕಿದ ಮಾತ್ರಕ್ಕೆ ಒಪ್ಪಿಗೆ ಕೊಟ್ಟಂತಲ್ಲ ಎಂದು ಸಾರಿದರು. ಈಗ ಇಂಥ ಮೇಳಗಳಲ್ಲೆಲ್ಲ ಅದೇ ಮರ್ಯಾದೆ. ಯಾರಾದರೂ ಮೀರಿದರೆ ಸುಮ್ಮನಿರಬೇಡಿ, ಹತ್ತಿರದ ಸ್ವಯಂಸೇವಕರಿಗೆ ತಿಳಿಸಿ.

ಒಳಗೆ ಹೋದ ಮೇಲೆ

ಪುಸ್ತಕ ಮತ್ತು ಬೊಂಬೆಗಳ ಮಳಿಗೆ, ಚಿತ್ರಕಾರರ ಮೇಜು, ಗೇಮ್ ಆಡುವ ಜಾಗ, ಮಾತುಕತೆ ನಡೆಯುವ ಮುಖ್ಯ ವೇದಿಕೆ, ವೇಷ ಸ್ಪರ್ಧೆ ಎಲ್ಲವೂ ಏಕಕಾಲಕ್ಕೆ ನಡೆಯುತ್ತವೆ. ಎಲ್ಲವನ್ನೂ ನೋಡುತ್ತೇನೆ ಎಂದು ಹೊರಟವರು ಸಾಲುಗಳನ್ನಷ್ಟೇ ನೋಡಿ ಬರುತ್ತಾರೆ. ವೇಳಾಪಟ್ಟಿ ಬಂದ ದಿನವೇ ಬಿಡಲಾಗದ ಎರಡು ಕಾರ್ಯಕ್ರಮ ಆರಿಸಿ, ಉಳಿದದ್ದನ್ನು ಸಿಕ್ಕರೆ ಸಿಗಲಿ ಎಂದು ಬಿಡಿ.

ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ. ಒಮ್ಮೆ ಎಲ್ಲ ಮಳಿಗೆ ಸುತ್ತಿ ಬಂದು ಆಮೇಲೆ ಜೇಬಿಗೆ ಕೈ ಹಾಕಿ. ಯುಪಿಐ ನಂಬಿ ಬರಿಗೈಯಲ್ಲಿ ಹೋಗದೆ ಒಂದಿಷ್ಟು ಚಿಲ್ಲರೆ ನೋಟು ಇಟ್ಟುಕೊಳ್ಳಿ. ಕಂಪನಿ ಬೊಂಬೆ ಯಾವತ್ತಾದರೂ ಮನೆ ಬಾಗಿಲಿಗೇ ಬರುತ್ತದೆ. ಚಿತ್ರಕಾರರು ತಾವೇ ಬರೆದು, ತಾವೇ ಮಾರುವ ಚಿತ್ರ, ಅವರ ಕೈಯಿಂದಲೇ ಬೀಳುವ ಸಹಿ ಅಲ್ಲಿ ಮಾತ್ರ ಸಿಗುವಂಥವು. ಚಿತ್ರ ಮಡಚಿಹೋಗದಂತೆ ಒಂದು ರಟ್ಟಿನ ಕೊಳವೆ ಒಯ್ದರೆ ರೈಲಿನ ನೂಕುನುಗ್ಗಲಲ್ಲೂ ಅದು ಸುಕ್ಕಾಗದೆ ಊರು ಸೇರುತ್ತದೆ.

ಜನಜಂಗುಳಿಯ ಭಯ

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಆರ್‌ಸಿಬಿ ಗೆಲುವಿನ ಸಂಭ್ರಮದಲ್ಲಿ 11 ಜನ ಸತ್ತ ಮೇಲೆ, ಅಭಿಮಾನಿಗಳ ಜಾತ್ರೆ ಎಂದರೆ ಹೆತ್ತವರ ಎದೆ ಝಲ್ಲೆನ್ನುವುದು ಸಹಜ. ಎರಡಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ಯಾರಿಗೆ ಪ್ರವೇಶ, ಯಾರಿಗಿಲ್ಲ ಎಂಬುದೇ ಜನರಿಗೆ ಸ್ಪಷ್ಟವಿರಲಿಲ್ಲ. ಲಕ್ಷಾಂತರ ಮಂದಿ ಬಾಗಿಲುಗಳತ್ತ ಬಂದರು. ಕಾಮಿಕ್ ಕಾನ್‌ನಲ್ಲಿ ದಿನವಾರು ಟಿಕೆಟ್ ಇದೆ. ಹಾಗೆಂದು ಮೈಮರೆಯುವಂತಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತು ಮತ್ತು ಮುಖ್ಯ ವೇದಿಕೆಗೆ ಹೆಸರುವಾಸಿಗಳು ಬರುವ ಹೊತ್ತು, ಈ ಎರಡು ಸಮಯದಲ್ಲಿ ಒತ್ತಡ ಹೆಚ್ಚು.

ಗುಂಪಿನ ಅಧ್ಯಯನ ಮಾಡಿದವರು ಹೇಳುವ ಅಳತೆ ಸರಳವಾಗಿದೆ: ಒಂದು ಚದರ ಮೀಟರ್ ಜಾಗದಲ್ಲಿ ಐದಕ್ಕಿಂತ ಹೆಚ್ಚು ಜನ ನಿಂತರೆ ಅಪಾಯ ಶುರು. ನಮ್ಮ ಹೆಜ್ಜೆ ಆಗ ನಮ್ಮ ಕೈಯಲ್ಲಿರುವುದಿಲ್ಲ, ಗುಂಪು ತಳ್ಳಿದತ್ತ ಮೈ ಹೋಗುತ್ತದೆ. ಇಂಥ ಕಡೆ ಹೆಚ್ಚಿನ ಸಾವು ತುಳಿತದಿಂದಲ್ಲ, ಎದೆ ಒತ್ತಿ ಉಸಿರು ಕಟ್ಟುವುದರಿಂದ. ನಾಲ್ಕೂ ಕಡೆ ಹೆಗಲು ತಾಗತೊಡಗಿದಾಗಲೇ ಓರೆಯಾಗಿ ಪಕ್ಕಕ್ಕೆ ಸರಿದು ಹೊರಬನ್ನಿ. ಸಿಕ್ಕಿಕೊಂಡರೆ ಮುಷ್ಟಿಗಳನ್ನು ಎದೆಯ ಮುಂದೆ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಿ. ಬಿದ್ದ ಫೋನಿಗಾಗಿ ಬಗ್ಗಬೇಡಿ. ದುಗ್ಗಮ್ಮನ ಜಾತ್ರೆಯಲ್ಲಿ ತಾಯಂದಿರು ಮಕ್ಕಳಿಗೆ ಹೇಳುವಂತೆ, ತಪ್ಪಿಸಿಕೊಂಡರೆ ಇಂಥ ಕಡೆ ಬಂದು ನಿಲ್ಲು ಎಂದು ಒಂದು ಗುರುತಿನ ಜಾಗ ಮೊದಲೇ ಗೊತ್ತುಮಾಡಿಕೊಳ್ಳಿ. ಮನೆಯವರ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ.

ತಂದೆ-ತಾಯಿ ಸುಮ್ಮನೆ ಬೇಡ ಎನ್ನುವ ಮೊದಲು ಮಕ್ಕಳನ್ನು ಮೂರು ಪ್ರಶ್ನೆ ಕೇಳಲಿ: ಯಾರ ಜೊತೆ ಹೋಗುತ್ತೀ, ಲಗೇಜು ಎಲ್ಲಿಡುತ್ತೀ, ವಾಪಸು ಯಾವ ರೈಲಿಗೆ? ಮೂರಕ್ಕೂ ಉತ್ತರವಿದ್ದರೆ ಕಳಿಸಬಹುದು. ಹದಿನೆಂಟು ತುಂಬದವರ ಜೊತೆ ದೊಡ್ಡವರೊಬ್ಬರು ಇರಲೇಬೇಕು. ಮರಳುವ ರಾತ್ರಿ ರೈಲಿಗೆ ಮೂರು ತಾಸು ಮುಂಚೆ ಮೇಳ ಬಿಡುವುದು ಒಳ್ಳೆಯದು: ಮೆಟ್ರೊಗೆ ಒಂದು ತಾಸು, ಕ್ಲೋಕ್ ರೂಮು ಮತ್ತು ಊಟಕ್ಕೆ ಇನ್ನೊಂದು, ತಾಪತ್ರಯಕ್ಕೆ ಮಗದೊಂದು. ನಸುಕಿನಲ್ಲಿ ದಾವಣಗೆರೆ ಬಂದಾಗ ನಿದ್ದೆಗಣ್ಣಲ್ಲಿ ಮುಂದೆ ಹೋಗಿಬಿಡದಂತೆ ರೈಲ್ವೆಯ 139ಕ್ಕೆ ಕರೆ ಮಾಡಿ ಎಬ್ಬಿಸುವ ಸೌಲಭ್ಯ ಪಡೆಯಬಹುದು.

ನೋಡಿ ಬಂದ ಮೇಲೆ

ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳಿಗೆ ಈ ಮೇಳ ಬರೀ ಮೋಜಿನದಲ್ಲ. ಚಿತ್ರಕಾರರ ಮೇಜಿನ ಮುಂದೆ ಅರ್ಧ ತಾಸು ನಿಂತರೆ ಯಾವ ಅಳತೆಯ ಚಿತ್ರ ಹೋಗುತ್ತದೆ, ಎಷ್ಟಕ್ಕೆ ಹೋಗುತ್ತದೆ, ಕೊಳ್ಳುವವರು ಏನು ಕೇಳುತ್ತಾರೆ ಎಂಬುದು ತಿಳಿಯುತ್ತದೆ. ತಮ್ಮ ಹತ್ತು ಚಿತ್ರಗಳನ್ನು ಒಂದು ಫೈಲಿನಲ್ಲಿ ಒಯ್ದು, ಬಿಡುವಿದ್ದಾಗ ಅಭಿಪ್ರಾಯ ಕೇಳಲಿ. ಮುಂದೊಂದು ವರ್ಷ ತಾವೇ ಮೇಜು ಹಿಡಿಯಬಹುದು.

ಬೆಂಗಳೂರಲ್ಲಿ ನಡೆಯುವ ಮೇಳವಾದರೂ ಅಲ್ಲಿನ ವ್ಯವಹಾರ ಹೆಚ್ಚಾಗಿ ಇಂಗ್ಲಿಷಿನದು. ಅದನ್ನು ಬದಲಿಸುವ ಶಕ್ತಿ ಇರುವುದು ಜಿಲ್ಲೆಗಳಿಂದ ಹೋಗುವ ಓದುಗರಿಗೆ. ಪ್ರತಿ ಮಳಿಗೆಯಲ್ಲೂ ಕನ್ನಡದ್ದು ಇದೆಯೇ ಎಂದು ಕೇಳಿ. ದಿನಕ್ಕೆ ನೂರು ಸಲ ಇಲ್ಲ ಎನ್ನಬೇಕಾಗಿ ಬಂದ ಪ್ರಕಾಶಕ ಮುಂದಿನ ಸಲ ಒಂದಿಷ್ಟು ಪ್ರತಿ ಅಚ್ಚು ಹಾಕಿಸಿಯಾನು.