ಜನಮತದ ತೀರ್ಪೂ ಅಧಿಕಾರಿಗಳ ಮೇಲಿನ ಮುನಿಸೂ

೨೦೧೬ನೆಯ ಇಸವಿ ಜೂನ್ ೨೩ರಂದು ಬ್ರಿಟನ್ನಿನ ಮತದಾರರು ಐರೋಪ್ಯ ಒಕ್ಕೂಟವನ್ನು ತೊರೆಯಬೇಕೆಂದು ತೀರ್ಪಿತ್ತರು. ತೊರೆಯೋಣವೆಂದವರು ನೂರಕ್ಕೆ ೫೧.೯, ಉಳಿಯೋಣವೆಂದವರು ನೂರಕ್ಕೆ ೪೮.೧. ೧೯೭೩ರಲ್ಲಿ ಆ ಕೂಟವನ್ನು ಸೇರಿ, ೧೯೭೫ರ ಜನಮತಗಣನೆಯಲ್ಲಿ ನೂರಕ್ಕೆ ೬೭ರಂತೆ ಅದರಲ್ಲಿಯೇ ಉಳಿಯಲು ಒಪ್ಪಿದ್ದ ರಾಷ್ಟ್ರವು ನಾಲ್ವತ್ತು ವರ್ಷಗಳ ತರುವಾಯ ಮನಸ್ಸು ಬದಲಿಸಿತು. ಇದಕ್ಕೆ ಕಾರಣಗಳು ಒಂದೆರಡಲ್ಲ. ಹೊರಗಿನಿಂದ ಬಂದು ನೆಲೆಸುವವರ ಸಂಖ್ಯೆ, ಕಾರ್ಖಾನೆಗಳು ಮುಚ್ಚಿದ ಊರುಗಳ ದುಃಸ್ಥಿತಿ, ೨೦೦೮ರ ಹಣಕಾಸಿನ ಕುಸಿತದ ಬಳಿಕ ಸರಕಾರವು ಕೈಕೊಂಡ ಮಿತವ್ಯಯದ ಕಾಠಿಣ್ಯ, ಇವೆಲ್ಲವೂ ಅದರಲ್ಲಿ ಸೇರಿದ್ದವು. ಆದರೆ ಈ ಬಗೆಬಗೆಯ ಅಸಮಾಧಾನಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದ ಕೂಗು ಒಂದಿತ್ತು: ನಾವು ಆರಿಸದ ಅಧಿಕಾರಿಗಳು ನಮ್ಮನ್ನು ಆಳುತ್ತಿದ್ದಾರೆ; ಅಧಿಕಾರವನ್ನು ಮರಳಿ ನಮ್ಮ ಕೈಗೆ ತೆಗೆದುಕೊಳ್ಳೋಣ. ಬ್ರಸೆಲ್ಸ್ ನಗರವನ್ನು ಕುರಿತು ಎದ್ದ ಈ ಕೂಗು ತೀರ್ಪು ಬಂದಮೇಲೆ ಶಾಂತವಾಗಬೇಕಾಗಿತ್ತು. ಹಾಗಾಗಲಿಲ್ಲ. ಅದು ದಿಕ್ಕು ತಿರುಗಿಸಿಕೊಂಡು ಲಂಡನ್ನಿನ ನ್ಯಾಯಾಧೀಶರ ಮೇಲೂ ಕಾರ್ಯದರ್ಶಿಗಳ ಮೇಲೂ ರಾಯಭಾರಿಗಳ ಮೇಲೂ ಎರಗಿತು. ಇದು ಹೇಗಾಯಿತೆಂಬುದನ್ನು ಪ್ರಜಾಪ್ರಭುತ್ವವನ್ನು ನೆಚ್ಚಿದ ಪ್ರತಿಯೊಂದು ಜನಾಂಗವೂ ವಿಚಾರಿಸತಕ್ಕದ್ದಾಗಿದೆ.

ಮೊದಲು ಆ ಮುನಿಸಿನಲ್ಲಿದ್ದ ನ್ಯಾಯವನ್ನು ಒಪ್ಪಿಕೊಳ್ಳೋಣ. ಐರೋಪ್ಯ ಒಕ್ಕೂಟದಲ್ಲಿ ಹೊಸ ಶಾಸನದ ಕರಡನ್ನು ಮುಂದಿಡುವ ಹಕ್ಕು ಬಹುತೇಕ ವಿಷಯಗಳಲ್ಲಿ ಐರೋಪ್ಯ ಆಯೋಗವೊಂದಕ್ಕೇ ಮೀಸಲು. ಆಯೋಗದ ಸದಸ್ಯರನ್ನು ಸರಕಾರಗಳು ಹೆಸರಿಸುತ್ತವೆ; ಯಾವ ದೇಶದ ಮತದಾರನೂ ಅವರಿಗೆ ಮತ ಹಾಕಿರುವುದಿಲ್ಲ. ೨೦೦೫ರಲ್ಲಿ ಐರೋಪ್ಯ ಸಂವಿಧಾನದ ಕರಡನ್ನು ಫ್ರಾನ್ಸಿನ ಜನರೂ ನೆದರ್ಲೆಂಡಿನ ಜನರೂ ಬಹುಮತದಿಂದ ತಿರಸ್ಕರಿಸಿದರು. ಅದರ ಸಾರವನ್ನು ಬಹುಮಟ್ಟಿಗೆ ಉಳಿಸಿಕೊಂಡು ೨೦೦೭ರಲ್ಲಿ ಲಿಸ್ಬನ್ ಒಡಂಬಡಿಕೆ ಸಿದ್ಧವಾಯಿತು. ಈ ಬಾರಿ ಆ ಎರಡು ದೇಶಗಳ ಜನರನ್ನು ಯಾರೂ ಕೇಳಲಿಲ್ಲ. ಐರ್ಲೆಂಡಿನವರು ೨೦೦೮ರಲ್ಲಿ ಬೇಡವೆಂದಾಗ ೨೦೦೯ರಲ್ಲಿ ಅವರಿಂದ ಮತ್ತೊಮ್ಮೆ ಮತ ಹಾಕಿಸಿ ಒಪ್ಪಿಗೆ ಪಡೆಯಲಾಯಿತು. ಬೇಡವೆಂದ ಮಾತು ಲೆಕ್ಕಕ್ಕಿಲ್ಲವೆಂಬ ಭಾವನೆ ಇಂತಹ ನಡೆಗಳಿಂದಲೇ ಬೆಳೆಯುತ್ತದೆ. ಕಾರ್ಮಿಕ ಪಕ್ಷದ ಟೋನಿ ಬೆನ್ನರು ಅಧಿಕಾರವುಳ್ಳ ಯಾರನ್ನೇ ಆಗಲಿ ಕೇಳಬೇಕೆನ್ನುತ್ತಿದ್ದ ಐದು ಪ್ರಶ್ನೆಗಳಲ್ಲಿ ಕೊನೆಯದು, ನಿಮ್ಮನ್ನು ತೆಗೆದುಹಾಕುವ ಬಗೆ ಯಾವುದು ಎಂಬುದು. ಬ್ರಸೆಲ್ಸಿನಿಂದ ಈ ಪ್ರಶ್ನೆಗೆ ಸಾಮಾನ್ಯ ಮತದಾರನಿಗೆ ತಿಳಿಯುವಂತಹ ಉತ್ತರ ಬರಲಿಲ್ಲ.

ಆದರೆ ಇಷ್ಟೇ ಪೂರ್ಣ ಸತ್ಯವಲ್ಲ. ಆಯೋಗವು ಕರಡನ್ನು ಮುಂದಿಡಬಲ್ಲದೇ ಹೊರತು ತಾನೇ ಅದನ್ನು ಶಾಸನವಾಗಿ ಮಾಡಲಾರದು. ಸದಸ್ಯರಾಷ್ಟ್ರಗಳ ಮಂತ್ರಿಗಳು ಕೂಡಿದ ಪರಿಷತ್ತೂ, ೧೯೭೯ರಿಂದ ಜನರೇ ನೇರವಾಗಿ ಆರಿಸುತ್ತ ಬಂದಿರುವ ಐರೋಪ್ಯ ಪಾರ್ಲಿಮೆಂಟೂ ಸಾಮಾನ್ಯವಾಗಿ ಅದಕ್ಕೆ ಒಪ್ಪಿಗೆ ಕೊಡಬೇಕು. ಜನಮತಗಣನೆಯ ಕಾಲದಲ್ಲಿ ಆ ಪಾರ್ಲಿಮೆಂಟಿನಲ್ಲಿ ಬ್ರಿಟನ್ನಿನ ಪ್ರತಿನಿಧಿಗಳು ೭೩ ಮಂದಿ ಇದ್ದರು. ಆ ಸಭೆಗೆ ಆಯೋಗವನ್ನು ಇಡಿಯಾಗಿ ವಜಾಮಾಡುವ ಅಧಿಕಾರವೂ ಇದೆ. ೧೯೯೯ರಲ್ಲಿ ಅವ್ಯವಹಾರದ ಆರೋಪಗಳು ಬಂದಾಗ ಈ ಭಯದಿಂದಲೇ ಜಾಕ್ ಸಾಂಟೇರರ ಆಯೋಗವು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟಿತು. ಪರಿಷತ್ತಿನಲ್ಲಿ ಕುಳಿತು ಕೈಯೆತ್ತಿದವರು ಬ್ರಿಟಿಷ್ ಮಂತ್ರಿಗಳೇ. ಅಲ್ಲಿ ಒಪ್ಪಿ ಬಂದದ್ದು ಊರಿನಲ್ಲಿ ಅಪ್ರಿಯವಾದಾಗ, ಬ್ರಸೆಲ್ಸಿನವರು ಹೇರಿದರು, ನಾವೇನು ಮಾಡೋಣ, ಎಂದು ಕೈತೊಳೆದುಕೊಂಡವರೂ ಅವರೇ. ಮೊಸರನ್ನು ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಕಥೆ ಇದು. ಎರಡೂ ಪಕ್ಷಗಳ ಸರಕಾರಗಳು ವರ್ಷಾನುವರ್ಷ ಈ ಆಟವನ್ನಾಡಿದುದರ ಫಲವನ್ನು ೨೦೧೬ರಲ್ಲಿ ಉಂಡವು.

ಆರಿಸದವರ ಆಳ್ವಿಕೆಯೆಂಬ ಮಾತು ಭಾರತೀಯರ ಕಿವಿಗೆ ಹೊಸದಲ್ಲ. ನೌಕರಶಾಹಿ ಎಂಬ ಶಬ್ದವನ್ನು ನಮ್ಮ ಹಿರಿಯರು ಕಹಿಯುಂಡೇ ಕಲಿತವರು. ಆದುದರಿಂದಲೇ ಎರಡಕ್ಕೂ ಇರುವ ಅಂತರವನ್ನು ನಾವು ಸ್ಪಷ್ಟವಾಗಿ ಕಾಣಬಲ್ಲೆವು. ಲಂಡನ್ನಿನ ಪಾರ್ಲಿಮೆಂಟು ನಮಗಾಗಿ ಶಾಸನ ಮಾಡುತ್ತಿದ್ದಾಗ ಅಲ್ಲಿ ಭಾರತವು ಆರಿಸಿ ಕಳುಹಿಸಿದ ಪ್ರತಿನಿಧಿ ಒಬ್ಬನೂ ಇರಲಿಲ್ಲ; ಆ ಸಾಮ್ರಾಜ್ಯದಲ್ಲಿ ಇರಬೇಕೋ ಬಿಡಬೇಕೋ ಎಂದು ನಮ್ಮನ್ನು ಯಾರೂ ಮತಪೆಟ್ಟಿಗೆಯ ಮುಂದೆ ನಿಲ್ಲಿಸಿ ಕೇಳಲಿಲ್ಲ. ಬ್ರಿಟನ್ನಾದರೋ ತನ್ನ ಇಚ್ಛೆಯಿಂದ ಸೇರಿ, ತನ್ನ ಮಂತ್ರಿಗಳನ್ನು ಕಳುಹಿಸಿ, ತನ್ನ ಇಚ್ಛೆಯಿಂದಲೇ ಹೊರಬಂದಿತು. ಹೊರಬರುವ ಹಕ್ಕು ಒಡಂಬಡಿಕೆಯ ೫೦ನೆಯ ವಿಧಿಯಲ್ಲಿಯೇ ಬರೆದಿತ್ತು. ಒಕ್ಕೂಟದ ದೋಷಗಳು ನಿಜವೇ ಇರಬಹುದು. ಅದನ್ನು ದಾಸ್ಯವೆಂದು ಕರೆದುದು ಮಾತ್ರ ಅತಿಶಯೋಕ್ತಿ.

ತೀರ್ಪಿನ ಮರುದಿನ ಏನಾಯಿತು? ಮತಪತ್ರವು ತೊರೆಯಬೇಕೆ ಉಳಿಯಬೇಕೆ ಎಂದಷ್ಟೇ ಕೇಳಿತ್ತು. ತೊರೆದು ಎಲ್ಲಿಗೆ ಹೋಗಬೇಕು, ಸುಂಕದ ಕಟ್ಟನ್ನು ಬಿಡಬೇಕೆ, ಏಕಮಾರುಕಟ್ಟೆಯನ್ನು ಬಿಡಬೇಕೆ, ಐರ್ಲೆಂಡಿನ ಗಡಿಯನ್ನು ಏನು ಮಾಡಬೇಕು, ಎಂಬುದೊಂದೂ ಅದರಲ್ಲಿರಲಿಲ್ಲ. ತೊರೆಯುವ ತೀರ್ಪು ಬಂದರೆ ಏನು ಮಾಡತಕ್ಕದ್ದೆಂಬ ಸಿದ್ಧತೆಯನ್ನು ಇಲಾಖೆಗಳು ಮಾಡಬಾರದೆಂದು ಪ್ರಧಾನಮಂತ್ರಿ ಡೇವಿಡ್ ಕ್ಯಾಮರನ್ನರ ಸರಕಾರವು ನಿರ್ಧರಿಸಿತ್ತು. ಇದನ್ನು ಕಾಮನ್ಸ್ ಸಭೆಯ ವಿದೇಶವ್ಯವಹಾರ ಸಮಿತಿಯು ಘೋರ ನಿರ್ಲಕ್ಷ್ಯವೆಂದು ಖಂಡಿಸಿತು. ಕ್ಯಾಮರನ್ನರು ಜೂನ್ ೨೪ರ ಬೆಳಗಿನಲ್ಲಿಯೇ ಪದತ್ಯಾಗವನ್ನು ಸಾರಿದರು. ಹೀಗೆ ಜನತೆಯ ಕೈಯಲ್ಲಿ ಒಂದು ತೀರ್ಪು ಉಳಿಯಿತು. ಅದಕ್ಕೆ ಅರ್ಥ ಕೊಡುವ ಹೊಣೆಯನ್ನು ಹೊರಲು ಚುನಾಯಿತರಲ್ಲಿ ಯಾರೂ ಧೈರ್ಯವಾಗಿ ಮುಂದೆ ಬರಲಿಲ್ಲ. ಈ ಬರಿದಾದ ಜಾಗದಲ್ಲಿ ಸಂಶಯವು ಬೇರುಬಿಟ್ಟಿತು.

ಮೊದಲ ಪೆಟ್ಟು ಬಿದ್ದದ್ದು ನ್ಯಾಯಪೀಠಕ್ಕೆ. ೫೦ನೆಯ ವಿಧಿಯಂತೆ ನೋಟೀಸು ಕೊಡುವ ಮೊದಲು ಮಂತ್ರಿಗಳು ಪಾರ್ಲಿಮೆಂಟಿನ ಅನುಮತಿಯನ್ನು ಪಡೆಯಬೇಕೆಂದು ೨೦೧೬ರ ನವೆಂಬರ್ ೩ರಂದು ಹೈಕೋರ್ಟಿನ ಮೂವರು ನ್ಯಾಯಾಧೀಶರು ತೀರ್ಮಾನಿಸಿದರು. ಮರುದಿನ ‘ಡೈಲಿ ಮೇಲ್’ ಪತ್ರಿಕೆಯು ಆ ಮೂವರ ಚಿತ್ರಗಳನ್ನು ಮುಖಪುಟದಲ್ಲಿ ಅಚ್ಚು ಹಾಕಿ ಅವರನ್ನು ಜನತೆಯ ಶತ್ರುಗಳೆಂದು ಕರೆಯಿತು. ವಾಚಕರು ಇಲ್ಲಿಯ ವಿಪರ್ಯಾಸವನ್ನು ಗಮನಿಸಬೇಕು. ಚುನಾಯಿತರಲ್ಲದ ಆ ನ್ಯಾಯಾಧೀಶರು ಅಧಿಕಾರವನ್ನು ತಾವು ತೆಗೆದುಕೊಳ್ಳಲಿಲ್ಲ. ಅದು ಜನರು ಆರಿಸಿದ ಸಭೆಗೆ ಸೇರಿದ್ದೆಂದು ಹೇಳಿದರು. ೨೦೧೭ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎಂಟಕ್ಕೆ ಮೂರರ ಬಹುಮತದಿಂದ ಅದನ್ನೇ ಎತ್ತಿಹಿಡಿಯಿತು. ಕೆಲವೇ ದಿನಗಳಲ್ಲಿ ಕಾಮನ್ಸ್ ಸಭೆಯು ೪೯೮ಕ್ಕೆ ೧೧೪ ಮತಗಳಿಂದ ನೋಟೀಸಿನ ಮಸೂದೆಯನ್ನು ಎರಡನೆಯ ವಾಚನದಲ್ಲಿ ಅಂಗೀಕರಿಸಿತು. ಜನತೆಯ ಇಚ್ಛೆಗೆ ಶತ್ರುಗಳಿಂದ ಆದ ಹಾನಿ ಇಷ್ಟೇ!

ಅನಂತರ ಅಧಿಕಾರಿಗಳ ಸರದಿ ಬಂದಿತು. ವ್ಯಾಪಾರದ ಒಪ್ಪಂದಕ್ಕೆ ಹತ್ತು ವರ್ಷಗಳೇ ಹಿಡಿಯಬಹುದೆಂಬ ಭಾವನೆ ಐರೋಪ್ಯ ರಾಜಧಾನಿಗಳಲ್ಲಿದೆಯೆಂದು ಬ್ರಸೆಲ್ಸಿನಲ್ಲಿದ್ದ ಬ್ರಿಟನ್ನಿನ ಪ್ರತಿನಿಧಿ ಸರ್ ಐವನ್ ರೋಜರ್ಸರು ಮಂತ್ರಿಗಳಿಗೆ ತಿಳಿಸಿದ್ದುದು ೨೦೧೬ರ ಡಿಸೆಂಬರಿನಲ್ಲಿ ಬಯಲಾಯಿತು. ಇದ್ದುದನ್ನು ವರದಿಮಾಡಿದ್ದಕ್ಕಾಗಿ ನಿರಾಶಾವಾದಿಯೆನಿಸಿಕೊಂಡು ಅವರು ಮುಂದಿನ ತಿಂಗಳೇ ರಾಜೀನಾಮೆಯಿತ್ತರು. ೨೦೧೮ರ ಫೆಬ್ರವರಿಯಲ್ಲಿ ಹಣಕಾಸು ಇಲಾಖೆಯ ಅಧಿಕಾರಿಗಳು ಲೆಕ್ಕಗಳನ್ನು ತಮಗೆ ಬೇಕಾದಂತೆ ಹೊಂದಿಸುತ್ತಿದ್ದಾರೆಂಬ ಆರೋಪಕ್ಕೆ ಮಂತ್ರಿ ಸ್ಟೀವ್ ಬೇಕರರು ಕಾಮನ್ಸ್ ಸಭೆಯಲ್ಲಿಯೇ ಪುಷ್ಟಿ ಕೊಟ್ಟು, ಮರುದಿನ ಕ್ಷಮೆ ಬೇಡಬೇಕಾಯಿತು. ಪ್ರಧಾನಮಂತ್ರಿ ತೆರೇಸಾ ಮೇ ಅವರ ಸಂಧಾನ ಸಲಹೆಗಾರರಾಗಿದ್ದ ಆಲಿ ರಾಬಿನ್ಸರ ಮೇಲೆ, ಒಪ್ಪಂದದ ಪ್ರತಿಯೊಂದು ರಿಯಾಯಿತಿಯೂ ಅವರದೇ ಸಂಚೆಂಬಂತೆ ಟೀಕೆಯ ಮಳೆ ಸುರಿಯಿತು. ರಾಬಿನ್ಸರು ಬ್ರಸೆಲ್ಸಿನಲ್ಲಿ ಆಡಿದುದು ತಮ್ಮ ಮಂತ್ರಿಗಳ ಪರವಾಗಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ನಿಜವಾಗಿ ಕಾರ್ಯವನ್ನು ತಡೆದವರು ಯಾರೆಂಬುದಕ್ಕೆ ಕಾಮನ್ಸ್ ಸಭೆಯ ದಾಖಲೆಯೇ ಸಾಕ್ಷಿ. ೨೦೧೯ರ ಜನವರಿ ೧೫ರಂದು ಮೇ ಅವರ ಒಪ್ಪಂದವನ್ನು ೪೩೨ಕ್ಕೆ ೨೦೨ ಮತಗಳಿಂದ ಸೋಲಿಸಿದವರು ಜನರೇ ಆರಿಸಿದ ಸದಸ್ಯರು. ಮಾರ್ಚ್ ತಿಂಗಳಲ್ಲಿ ಮತ್ತೆ ಎರಡು ಸಾರಿ ಅದು ಸೋತಿತು. ಮಾರ್ಚ್ ೨೭ರಂದು ಎಂಟು ಬಗೆಯ ಪರ್ಯಾಯಗಳನ್ನು ಸಭೆಯ ಮುಂದಿಟ್ಟಾಗ ಒಂದಕ್ಕೂ ಬಹುಮತ ಸಿಗಲಿಲ್ಲ. ಲಾರ್ಡರ ಸಭೆಯು ೨೦೧೮ರಲ್ಲಿ ನಿರ್ಗಮನದ ಮಸೂದೆಯ ಮೇಲೆ ಸರಕಾರವನ್ನು ೧೫ ಸಾರಿ ಸೋಲಿಸಿದ್ದು ನಿಜ; ಅವುಗಳಲ್ಲಿ ಬಹುತೇಕವನ್ನು ಕಾಮನ್ಸ್ ಸಭೆ ತಳ್ಳಿಹಾಕಿದ ಮೇಲೆ ಆ ಮಸೂದೆ ಶಾಸನವಾಯಿತೆಂಬುದೂ ನಿಜ. ೨೦೧೯ರ ಆಗಸ್ಟಿನಲ್ಲಿ ಬೋರಿಸ್ ಜಾನ್ಸನ್ನರು ಸುಮಾರು ಐದು ವಾರಗಳ ಕಾಲ ಪಾರ್ಲಿಮೆಂಟಿನ ಬಾಗಿಲು ಮುಚ್ಚಿಸಲು ಹೊರಟರು. ಅದು ಕಾನೂನುಬಾಹಿರವೆಂದು ಸೆಪ್ಟೆಂಬರ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ೧೧ ಮಂದಿ ನ್ಯಾಯಾಧೀಶರೂ ಏಕಕಂಠದಿಂದ ಸಾರಿ ಬಾಗಿಲನ್ನು ತೆರೆಯಿಸಿದರು. ಯಾರೂ ಆರಿಸದವರು, ಎಲ್ಲರೂ ಆರಿಸಿದವರ ಹಕ್ಕನ್ನು ಎರಡನೆಯ ಸಾರಿ ಉಳಿಸಿಕೊಟ್ಟರು.

ಮುನಿಸನ್ನು ಬಿತ್ತಿದವರಾದರೂ ತಮ್ಮ ತತ್ತ್ವವನ್ನು ಪಾಲಿಸಿದರೆ? ಜಾನ್ಸನ್ನರ ಮುಖ್ಯ ಸಲಹೆಗಾರರಾಗಿ ೨೦೧೯ರಿಂದ ೨೦೨೦ರ ನವೆಂಬರಿನವರೆಗೆ ಮಂತ್ರಿಗಳನ್ನೇ ನಡುಗಿಸಿದ ಡಾಮಿನಿಕ್ ಕಮಿಂಗ್ಸರಿಗೆ ಯಾವ ಕ್ಷೇತ್ರದ ಮತವೂ ಇರಲಿಲ್ಲ. ಬ್ರಸೆಲ್ಸಿನೊಡನೆ ಸಂಧಾನ ನಡೆಸಿ ೨೦೨೧ರಲ್ಲಿ ಮಂತ್ರಿಯಾದ ಡೇವಿಡ್ ಫ್ರಾಸ್ಟರು ಲಾರ್ಡರ ಸಭೆಯ ಮೂಲಕ ಅಧಿಕಾರಕ್ಕೆ ಬಂದವರು. ಐರೋಪ್ಯ ಮೂಲದ ಸುಮಾರು ನಾಲ್ಕು ಸಾವಿರ ಕಟ್ಟಳೆಗಳು ೨೦೨೩ರ ಕೊನೆಗೆ ತಾವಾಗಿಯೇ ಅಳಿಯತಕ್ಕವೆಂದು ಹೊರಟ ಮಸೂದೆಯು ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂಬುದನ್ನು ಬಹುಮಟ್ಟಿಗೆ ಮಂತ್ರಿಗಳ ಮತ್ತು ಅವರ ಕಚೇರಿಗಳ ವಿವೇಚನೆಗೆ ಒಪ್ಪಿಸುತ್ತಿತ್ತು. ಆ ವರ್ಷದ ಮೇ ತಿಂಗಳಲ್ಲಿ ಸರಕಾರವು ಹಿಂದೆಗೆದು, ಸುಮಾರು ೬೦೦ ಕಟ್ಟಳೆಗಳನ್ನು ಮಾತ್ರ ಹೆಸರಿಸಿ ರದ್ದುಮಾಡಲು ಒಪ್ಪಿತು. ಬ್ರಸೆಲ್ಸಿನಿಂದ ಬಿಡಿಸಿ ತಂದ ಅಧಿಕಾರವು ಹೀಗೆ ಜನರ ಸಭೆಯನ್ನು ಮುಟ್ಟುವ ಮೊದಲೇ ಕಚೇರಿಯ ಮೇಜಿನ ಮೇಲೆ ನಿಲ್ಲುವುದರಲ್ಲಿತ್ತು.

ಅಧಿಕಾರಿವರ್ಗವು ನಿರ್ದೋಷಿಯೆಂದು ನಾವು ಹೇಳುವುದಿಲ್ಲ. ತೊರೆಯುವ ತೀರ್ಪು ಬಂದೊಡನೆ ದೇಶವು ಆರ್ಥಿಕ ಹಿಂಜರಿತಕ್ಕೆ ಬೀಳುವುದೆಂದೂ ನಿರುದ್ಯೋಗಿಗಳ ಸಂಖ್ಯೆ ಐದು ಲಕ್ಷ ಏರುವುದೆಂದೂ ಹಣಕಾಸು ಇಲಾಖೆಯು ೨೦೧೬ರ ಮೇ ತಿಂಗಳಲ್ಲಿ ಭವಿಷ್ಯ ನುಡಿದಿತ್ತು; ಆ ವರ್ಷ ಹಾಗೆ ನಡೆಯಲಿಲ್ಲ. ಇಂತಹ ಲೆಕ್ಕವನ್ನು ಮಂತ್ರಿಯು ಪ್ರಚಾರದ ಆಯುಧವಾಗಿ ಬಳಸಿದಾಗ ಲೆಕ್ಕ ಬರೆದವನ ಮೇಲಿನ ನಂಬಿಕೆಯೂ ಮುರಿಯುತ್ತದೆ. ಒಂದೇ ಬಗೆಯ ಮನೆತನ, ಒಂದೇ ಬಗೆಯ ವಿದ್ಯಾಲಯಗಳಿಂದ ಬಂದವರು ತುಂಬಿಕೊಂಡ ಕಚೇರಿಯು ಬಡ ಊರುಗಳ ನೋವನ್ನು ತಡವಾಗಿ ಕೇಳುವುದು ಸ್ವಾಭಾವಿಕವೇ ಸರಿ. ಇವನ್ನು ತಿದ್ದತಕ್ಕದ್ದು ನೇಮಕದ ಕ್ರಮದಿಂದ, ಬಹಿರಂಗ ವಿಚಾರಣೆಯಿಂದ, ಪಾರ್ಲಿಮೆಂಟಿನ ಸಮಿತಿಗಳ ಪ್ರಶ್ನೆಗಳಿಂದ. ಅಧಿಕಾರಿಯನ್ನು ದೇಶದ್ರೋಹಿಯೆಂದು ಬೀದಿಯಲ್ಲಿ ಕೂಗಿದರೆ ಅವನು ಸುಧಾರಿಸುವುದಿಲ್ಲ, ಬಾಯಿ ಮುಚ್ಚುತ್ತಾನೆ. ಮೌನವಾದ ಅಧಿಕಾರಿಯಿಂದ ದೇಶಕ್ಕೆ ಆಗುವ ನಷ್ಟವು ಒರಟಾದ ಅಧಿಕಾರಿಯಿಂದ ಆಗುವುದಕ್ಕಿಂತ ದೊಡ್ಡದು.

ಶಾಶ್ವತವಾದ, ಪಕ್ಷಾತೀತವಾದ ಅಧಿಕಾರಿವರ್ಗದ ಕಲ್ಪನೆ ಬ್ರಿಟನ್ನಿನಲ್ಲಿ ರೂಪುಗೊಂಡದ್ದು ೧೮೫೪ರ ನಾರ್ತ್‌ಕೋಟ್ ಮತ್ತು ಟ್ರೆವೆಲಿಯನ್ ವರದಿಯಿಂದ. ಅವರಲ್ಲಿ ಟ್ರೆವೆಲಿಯನ್ನರು ಭಾರತದಲ್ಲಿ ಕಂಪನಿಯ ನೌಕರರಾಗಿದ್ದವರು. ಶಿಫಾರಸಿನಿಂದ ದೊರೆಯುತ್ತಿದ್ದ ಹುದ್ದೆಗಳು ಪರೀಕ್ಷೆಯಿಂದ ದೊರೆಯತಕ್ಕವೆಂಬುದು ಅದರ ತಿರುಳು. ಅದೇ ವರ್ಷ ಭಾರತದ ಸೇವೆಗೂ ಇದೇ ನಿಯಮವನ್ನು ಮೆಕಾಲೆಯ ಸಮಿತಿ ಶಿಫಾರಸು ಮಾಡಿತು. ಪರದೇಶೀಯರ ಆಜ್ಞೆಯಂತೆ ನಮ್ಮವರನ್ನು ಸೆರೆಮನೆಗೆ ಕಳುಹಿಸಿದ ಆ ವರ್ಗದ ಮೇಲೆ ಸ್ವತಂತ್ರ ಭಾರತದಲ್ಲಿ ಸಿಟ್ಟಿದ್ದುದು ಸಹಜ. ಆದರೂ ೧೯೪೯ರ ಅಕ್ಟೋಬರಿನಲ್ಲಿ ಸಂವಿಧಾನ ಸಭೆಯಲ್ಲಿ, ಸೇವಾವರ್ಗಕ್ಕೆ ನಿರ್ಭಯವಾಗಿ ಅಭಿಪ್ರಾಯ ಹೇಳುವ ಸ್ವಾತಂತ್ರ್ಯವಿರಬೇಕೆಂದು ವಾದಿಸಿದವರು ಸ್ವತಃ ಸೆರೆವಾಸ ಅನುಭವಿಸಿದ್ದ ಸರದಾರ ಪಟೇಲರೇ. ಸಿಟ್ಟಿಗೆ ಅವರಿಗಿದ್ದಷ್ಟು ಕಾರಣ ಇಂದಿನ ಬ್ರಿಟನ್ನಿನ ಯಾವ ಮಂತ್ರಿಗೂ ಇಲ್ಲ.

೨೦೨೦ರ ಜನವರಿ ೩೧ರಂದು ಬ್ರಿಟನ್ ಒಕ್ಕೂಟವನ್ನು ವಿಧ್ಯುಕ್ತವಾಗಿ ತೊರೆಯಿತು. ಅದರೊಡನೆ ಬ್ರಸೆಲ್ಸನ್ನು ಬೊಟ್ಟುಮಾಡಿ ತೋರಿಸುವ ಅನುಕೂಲವೂ ಹೊರಟುಹೋಯಿತು. ಇನ್ನು ಅಲ್ಲಿಯ ಮತದಾರನು ಬೆನ್ನರ ಪ್ರಶ್ನೆಯನ್ನು ತನ್ನ ಮಂತ್ರಿಯನ್ನೇ ನಿಲ್ಲಿಸಿ ಕೇಳಬೇಕಾಗಿದೆ. ನ್ಯಾಯಾಧೀಶನನ್ನೂ ಕಾರ್ಯದರ್ಶಿಯನ್ನೂ ಮತದಿಂದ ತೆಗೆಯುವಂತಿಲ್ಲ, ತೆಗೆಯುವಂತಾಗಲೂಬಾರದು. ಅವರಿಗೆ ಆಜ್ಞೆ ಕೊಡುವವನನ್ನೂ, ಅವರ ಮಾತನ್ನು ಕೇಳಿಯೂ ಕೇಳದಂತಿದ್ದವನನ್ನೂ ತೆಗೆಯಬಹುದು, ಮತಪೆಟ್ಟಿಗೆಯಿರುವುದು ಅದಕ್ಕಾಗಿಯೇ. ಅಧಿಕಾರವನ್ನು ಮರಳಿ ಬೇಡಿದ ಚುನಾಯಿತರು ಅದರೊಡನೆ ಬರುವ ಹೊಣೆಯನ್ನೂ ಸಭೆಯಲ್ಲಿ ನಿಂತು ತಮ್ಮದೆಂದು ಒಪ್ಪಿಕೊಳ್ಳುವ ವರೆಗೆ, ಆ ಜನಮತದ ಅರ್ಧ ಕಾರ್ಯವು ಬಾಕಿಯೇ ಉಳಿದಿದೆಯೆನ್ನದೆ ವಿಧಿಯಿಲ್ಲ.