ಜ್ಞಾನಿಗಳೇ, ಸ್ವಲ್ಪ ಬಾಗಿಲು ತೆಗೆಯಿರಿ

ನಮ್ಮ ಮನೆಯ ದೇವರ ಕೋಣೆಯ ಬಾಗಿಲು ಬೆಳಿಗ್ಗೆ ಐದೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಏಳಕ್ಕೆ. ಒಳಗೆ ನಮ್ಮ ಯಜಮಾನರು ಧ್ಯಾನದಲ್ಲಿರುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಹಳೆಯ ಜ್ಞಾನದ ಮೇಲೆ ಹೊಸ ಪ್ರೀತಿ ಹುಟ್ಟಿದೆ. ಸೋಮವಾರ ಗೀತೆಯ ತರಗತಿ, ಗುರುವಾರ ವಚನ ಚಿಂತನ, ತಿಂಗಳಿಗೊಂದು ವ್ಯಕ್ತಿತ್ವ ವಿಕಸನ ಶಿಬಿರ. ಡಿ.ವಿ.ಜಿ.ಯವರ ಕಗ್ಗದ 945 ಪದ್ಯಗಳಲ್ಲಿ ಇನ್ನೂರಾದರೂ ಅವರಿಗೆ ಬಾಯಿಪಾಠ. ಇದಕ್ಕೆಲ್ಲ ನನ್ನ ತಕರಾರಿಲ್ಲ. ಇಸ್ಪೀಟಿಗಿಂತ ಇದು ಎಷ್ಟೋ ಮೇಲು. ನನ್ನ ತಕರಾರು ಇರುವುದು ಆ ಮುಚ್ಚಿದ ಬಾಗಿಲಿನ ಬಗ್ಗೆ.

ನಮ್ಮ ಅತ್ತೆಯವರಿಗೆ ಎಂಬತ್ತನಾಲ್ಕು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗಿನಿಂದ ಮಂಚವೇ ಅವರ ಪ್ರಪಂಚ. ಎತ್ತಿ ಮಗ್ಗುಲಾಗಿಸಲು ಇಬ್ಬರು ಬೇಕು. ಒಂದು ಬೆಳಿಗ್ಗೆ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ, ನನಗೆ ಎಂಟೂವರೆಯೊಳಗೆ ಪರೀಕ್ಷಾ ಕೇಂದ್ರದಲ್ಲಿರಬೇಕಿತ್ತು. ಕುಕ್ಕರ್ ಇಟ್ಟು ಅತ್ತೆಯ ಕೋಣೆಗೆ ಹೋದರೆ ಹಾಸಿಗೆಯೆಲ್ಲ ಒದ್ದೆ. ಅವರು ಮುದುರಿಕೊಂಡು ಗೋಡೆಯ ಕಡೆ ಮುಖ ಮಾಡಿದ್ದರು. “ಐದು ಗಂಟೆಯಿಂದ ತಡೆದುಕೊಂಡಿದ್ದೆ ಕಣಮ್ಮ. ಅವನು ಧ್ಯಾನಕ್ಕೆ ಕೂತಿರ್ತಾನಲ್ಲ, ಅದಕ್ಕೇ ಕೂಗಲಿಲ್ಲ” ಎಂದರು.

ಹೋಗಿ ಬಾಗಿಲು ತಟ್ಟಿದೆ. ಉತ್ತರವಿಲ್ಲ. ಇನ್ನೊಮ್ಮೆ ತಟ್ಟಿದೆ. ಇಲ್ಲ. ಒಬ್ಬಳೇ ಅವರನ್ನು ಎತ್ತಿ, ಒರೆಸಿ, ಹಾಸಿಗೆ ಬದಲಿಸುವಷ್ಟರಲ್ಲಿ ನನ್ನ ಬೆನ್ನು ಹಿಡಿದುಕೊಂಡಿತು. ಏಳಕ್ಕೆ ಪ್ರಸನ್ನವದನರಾಗಿ ಹೊರಬಂದ ಯಜಮಾನರು ನನ್ನ ಮುಖ ನೋಡಿ, “ಯಾಕೆ ಬೆಳಿಗ್ಗೆ ಬೆಳಿಗ್ಗೆಯೇ ಹೀಗಿದ್ದೀಯ? ಸಮಚಿತ್ತ ರೂಢಿಸಿಕೋಬೇಕು” ಎಂದರು.

“ಇರೋ ಸಮಚಿತ್ತವನ್ನೆಲ್ಲ ನಿಮಗೇ ಬಡಿಸಿಬಿಟ್ಟೆ ರೀ. ನನಗೆ ಉಳೀಲಿಲ್ಲ” ಎಂದೆ.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಟಿಫಿನ್ ಡಬ್ಬಿ ತೆಗೆದರೆ ಪಲ್ಯದ ಜೊತೆಗೆ ಇಂಥ ಕಥೆಗಳೂ ಹೊರಬರುತ್ತವೆ. ಒಬ್ಬಾಕೆಯ ಗಂಡ ಕೋಪ ಗೆಲ್ಲುವ ಶಿಬಿರಕ್ಕೆ ಹೋಗುವ ಅವಸರದಲ್ಲಿ, ಇಸ್ತ್ರಿಯಾಗದ ಅಂಗಿಗಾಗಿ ಹೆಂಡತಿಯ ಮೇಲೆ ರೇಗಿ ಹೋದರಂತೆ! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅಂಥದೊಂದು ಶಿಬಿರಕ್ಕೆ ನಾನೂ ಒಮ್ಮೆ ಹೋಗಿ ಕೂತಿದ್ದೆ. ಮಾತನಾಡಿದವರು ಮಹಾಭಾರತದ ವನಪರ್ವದಿಂದ ಕೌಶಿಕನ ಕಥೆ ಎತ್ತಿಕೊಂಡರು. ಮರದಡಿ ವೇದ ಹೇಳುತ್ತಿದ್ದ ಕೌಶಿಕನ ಮೇಲೆ ಕೊಕ್ಕರೆ ಹಿಕ್ಕೆ ಹಾಕಿತು. ಆತ ಕಣ್ಣು ಕೆಂಪಗೆ ಮಾಡಿ ನೋಡಿದ್ದೇ ತಡ, ಹಕ್ಕಿ ಸತ್ತು ಬಿತ್ತು. ನೋಡಿ, ಕೋಪ ಎಷ್ಟು ಕೆಟ್ಟದ್ದು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಥೆ ಅಲ್ಲಿಗೇ ಮುಗಿಯಿತು. ನಾನು ಬೆಪ್ಪಾಗಿ ಕೂತಿದ್ದೆ. ಏಕೆಂದರೆ ನಿಜವಾದ ಕಥೆ ಶುರುವಾಗುವುದೇ ಅಲ್ಲಿಂದ!

ಅದೇ ಕೌಶಿಕ ಮುಂದೆ ಭಿಕ್ಷೆಗೆಂದು ಒಂದು ಮನೆಯ ಬಾಗಿಲಿಗೆ ಬರುತ್ತಾನೆ. ಮನೆಯಾಕೆ ಹಸಿದು ಬಂದ ಗಂಡನಿಗೆ ಬಡಿಸುತ್ತ ಇವನನ್ನು ಕಾಯಿಸುತ್ತಾಳೆ. ಇವನು ಸಿಟ್ಟಾಗುತ್ತಾನೆ. ಆಗ ಆಕೆ, ತಾನು ಕೊಕ್ಕರೆಯಲ್ಲ ಎಂದು ತಿಳಿಸಿ, ಧರ್ಮ ಕಲಿಯಬೇಕಾದರೆ ಮಿಥಿಲೆಯ ಮಾಂಸ ಮಾರುವ ವ್ಯಾಧನ ಬಳಿ ಹೋಗು ಎನ್ನುತ್ತಾಳೆ. ವ್ಯಾಧ ಅವನನ್ನು ಒಳಗೆ ಕರೆದೊಯ್ದು ತಾನು ಸೇವೆ ಮಾಡುವ ಮುದಿ ತಂದೆತಾಯಿಯರನ್ನು ತೋರಿಸುತ್ತಾನೆ. ನೀನು ವೇದ ಕಲಿಯಲು ಹೇಳದೆ ಕೇಳದೆ ಮನೆ ಬಿಟ್ಟು ಬಂದೆ, ನಿನ್ನ ಚಿಂತೆಯಲ್ಲೇ ಹೆತ್ತವರು ಕುರುಡರಾಗಿದ್ದಾರೆ, ಮೊದಲು ಮನೆಗೆ ಹೋಗು ಎನ್ನುತ್ತಾನೆ. ಕೌಶಿಕ ಹೋಗುತ್ತಾನೆ.

ಈಗ ನೀವೇ ಹೇಳಿ. ಈ ಕಥೆ ಕೋಪದ ಬಗ್ಗೆಯೋ, ಮನೆಗೆ ಹೋಗದ ಮಗನ ಬಗ್ಗೆಯೋ?

ಆ ಹೆಣ್ಣುಮಗಳನ್ನು ವ್ಯಾಸರು ಹೊಗಳಿದ್ದು ಪತಿಸೇವೆಗಾಗಿ ಎಂಬುದು ನನಗೂ ಗೊತ್ತು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೆಂಡತಿಗೆ ಹೇಳಿದ ಧರ್ಮವನ್ನು ಎಂಟು ನೂರು ಸಲ ನೆನಪಿಸುವವರು, ಅದೇ ಕಥೆಯಲ್ಲಿ ಮಗನಿಗೆ ಹೇಳಿದ ಧರ್ಮವನ್ನು ಒಮ್ಮೆಯೂ ಹೇಳುವುದಿಲ್ಲವಲ್ಲ, ಅದು ನನ್ನ ಹೊಟ್ಟೆಯುರಿ.

ವಚನಗಳ ವಿಷಯದಲ್ಲೂ ಹಾಗೆಯೇ. ಗುರುವಾರದ ಚಿಂತನದಲ್ಲಿ ಕಾಯಕದ ಬಗ್ಗೆ ಗಂಟೆಗಟ್ಟಲೆ ಮಾತಾಗುತ್ತದೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯನದು ಬಿದ್ದ ಅಕ್ಕಿ ಆಯುವ ಕಾಯಕ. ಆತ ಶರಣರ ಮಾತಿನಲ್ಲಿ ಮೈಮರೆತಾಗ, ಕಾಯಕ ನಿಂತಿದೆ ಎಂದು ಎಚ್ಚರಿಸಿದವಳು ಹೆಂಡತಿ ಲಕ್ಕಮ್ಮ. ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಇಷ್ಟು ಆಸೆ ನಮಗೇಕೆ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ತಿರುಗಿ ಕಳಿಸಿದವಳೂ ಅವಳೇ. ಅನುಭಾವದ ಮಾತು ನಡೆದಿತ್ತು ಎಂಬ ನೆಪ ಅವಳ ಮುಂದೆ ನಡೆಯಲಿಲ್ಲ. ಮಾರಯ್ಯ ಸಿಡಿಮಿಡಿಗೊಳ್ಳಲಿಲ್ಲ. ಎದ್ದು ಹೋದ. ಆತ ದೊಡ್ಡವನಾದದ್ದು ಹಾಗೆ ಎದ್ದು ಹೋದದ್ದಕ್ಕೆ. ನಮ್ಮ ಮನೆಗಳ ಮಾರಯ್ಯಂದಿರಿಗೆ ಲಕ್ಕಮ್ಮ ಬೇಕು, ವೇದಿಕೆಯ ಮೇಲೆ ಉದಾಹರಣೆಗೆ. ಅಡಿಗೆಮನೆಯಿಂದ ಅವಳು ಮಾತಾಡಿದರೆ ಮಾತ್ರ ಅದು ಕಿರಿಕಿರಿ!

ಇದೆಲ್ಲ ಹೆಂಗಸರ ಗೊಣಗಾಟ ಎನ್ನುವವರಿಗೆ ಸರ್ಕಾರದ ಲೆಕ್ಕವನ್ನೇ ಕೊಡುತ್ತೇನೆ. 2019ರಲ್ಲಿ ಕೇಂದ್ರ ಸರ್ಕಾರ ಜನರ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ದಿನವೊಂದರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಕೈಹಾಕಿದವರಲ್ಲೂ ಹೆಂಗಸರು ಅದಕ್ಕೆ ಕೊಟ್ಟದ್ದು 299 ನಿಮಿಷ, ಗಂಡಸರು ಕೊಟ್ಟದ್ದು 97. ಹತ್ತಿರ ಹತ್ತಿರ ಐದು ಗಂಟೆ ನಮ್ಮದು. ಒಂದೂವರೆ ಗಂಟೆಯ ಧ್ಯಾನಕ್ಕೆ ಸಮಯ ಎಲ್ಲಿಂದ ಬರುತ್ತದೆ ಎಂದು ಈಗ ತಿಳಿಯಿತಲ್ಲ?

ನಮ್ಮ ಶಾಲೆಯ ಹೊಸ ಟೀಚರೊಬ್ಬಳು, “ಮೇಡಂ, ಆ ಹಳೇದನ್ನೆಲ್ಲ ಬರೆದೋರು ಗಂಡಸರೇ. ಎತ್ತಿ ಆಚೆ ಹಾಕಿ” ಎನ್ನುತ್ತಾಳೆ. ನಾನು ಒಪ್ಪುವುದಿಲ್ಲ. ಅಜ್ಜನ ಮನೆಯನ್ನು ಬಾಡಿಗೆಯವನು ಹಾಳುಗೆಡವಿದ ಎಂದು ಮನೆಯನ್ನೇ ಬಿಟ್ಟುಕೊಡುತ್ತೇವೆಯೆ? ಲಕ್ಕಮ್ಮ ನಮ್ಮವಳು. ವ್ಯಾಧನೂ ನಮ್ಮವನು. ಗಂಡಸರಿಗೆ ಒಳಗಿನ ನೆಮ್ಮದಿ ಬೇಡ ಎಂದೂ ನಾನು ಹೇಳುತ್ತಿಲ್ಲ. ಅಳಬಾರದು ಎಂದು ಹೇಳಿಸಿಕೊಂಡೇ ಬೆಳೆದವರು ಅವರು. ಕುರ್ಚಿ ಹೋದ ಮೇಲೆ ತಾವು ಯಾರು ಎಂದು ತಿಳಿಯದೆ ಹಾಲ್‌ನಲ್ಲಿ ಶತಪಥ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಹಳೆಯ ಜ್ಞಾನ ಬೇಕು. ಪೂರ್ತಿ ಬೇಕು ಎಂಬುದಷ್ಟೇ ನನ್ನ ವಾದ.

ತಪ್ಪು ನಮ್ಮದೂ ಇದೆ ಗೆಳತಿಯರೇ. ನನ್ನ ಮಗ ಎಂಟು ವರ್ಷದವನಿದ್ದಾಗ ಉಂಡ ತಟ್ಟೆ ತೊಳೆಯಲು ನಲ್ಲಿಯ ಬಳಿ ಹೋಗಿದ್ದ. “ಬಿಡೋ, ನೀನು ಹೋಗಿ ಓದ್ಕೋ” ಎಂದು ತಟ್ಟೆ ಕಿತ್ತುಕೊಂಡವಳು ನಾನೇ. ಬಿ.ಎ., ಬಿ.ಎಡ್. ಮಾಡಿದವಳು! ಮೊನ್ನೆ ಸೊಸೆ ಬೆಂಗಳೂರಿನಿಂದ ಫೋನ್ ಮಾಡಿ, “ಅತ್ತೆ, ಇವರು ಬೆಳಿಗ್ಗೆ ಎದ್ದು ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ವಿದುರನೀತಿ ಕೇಳ್ತಾರೆ. ಮಗು ಅತ್ತರೆ ಕೇಳ್ಸೋದೇ ಇಲ್ಲ” ಎಂದಳು. ನನಗೆ ಬಾಯಿ ಬರಲಿಲ್ಲ. ಅಪ್ಪ ಬಾಗಿಲು ಹಾಕಿಕೊಂಡರೆ ಮಗ ಕಿವಿ ಮುಚ್ಚಿಕೊಂಡಿದ್ದಾನೆ. ಅಷ್ಟೇ ವ್ಯತ್ಯಾಸ.

ಆ ರಾತ್ರಿ ಯಜಮಾನರ ಮುಂದೆ ವನಪರ್ವ ತೆರೆದಿಟ್ಟು, “ಕೊಕ್ಕರೆಯಿಂದ ಮುಂದಕ್ಕೆ ಓದಿ” ಎಂದೆ. ಓದಿದರು. ಏನೂ ಹೇಳಲಿಲ್ಲ. ಬೆಳಿಗ್ಗೆ ಅತ್ತೆಯನ್ನು ಎತ್ತಲು ಒಂದು ಕೈ ಹೆಚ್ಚಿಗೆ ಬಂತು. ಅತ್ತೆ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡರು. ಅವರಿಗೂ ಇದು ಹೊಸತು. ಸೋಮವಾರದ ತರಗತಿಯಲ್ಲಿ ನಮ್ಮವರು ಇದನ್ನೇ ತಮ್ಮ ಆತ್ಮೋನ್ನತಿಯ ದೃಷ್ಟಾಂತವಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದರಂತೆ. ಎರಡು ವರ್ಷದಿಂದ ದಿನವೂ ಅದನ್ನೇ ಮಾಡುತ್ತಿರುವ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಇರಲಿ.

ಈಗ ಧ್ಯಾನ ಏಳೂವರೆಗೆ, ಅಮ್ಮನ ಕೆಲಸ ಮುಗಿದ ಮೇಲೆ. ವಾರದಲ್ಲಿ ಎರಡು ದಿನ ಹಳೆಯ ಚಾಳಿ ಮರುಕಳಿಸುತ್ತದೆ. ಆಗ ನಾನು ಬಾಗಿಲು ತಟ್ಟುತ್ತೇನೆ. ಮೊದಲಿನಷ್ಟು ಮೆಲ್ಲಗೆ ಅಲ್ಲ.