ದಾನವೋ ಋಣವೋ?

ಕೊಡುವುದರಲ್ಲಿ ಎರಡು ಬಗೆಯುಂಟು. ಮನಸ್ಸಿಗೆ ತೋರಿದಾಗ ತೋರಿದಷ್ಟನ್ನು ಕೊಡುವುದು ದಾನ. ಮನಸ್ಸಿರಲಿ ಇಲ್ಲದಿರಲಿ, ಹೊತ್ತಿಗೆ ಸರಿಯಾಗಿ ಸಲ್ಲಿಸಲೇಬೇಕಾದದ್ದು ಋಣ. ದಾನವನ್ನು ನಿಲ್ಲಿಸಿದವನನ್ನು ಲೋಕವು ಲೋಭಿಯೆಂದೀತು. ಋಣವನ್ನು ನಿಲ್ಲಿಸಿದವನನ್ನು ವಂಚಕನೆನ್ನುತ್ತದೆ. ಮನೆಯ ವ್ಯವಹಾರದಲ್ಲಿ ಈ ಭೇದವನ್ನು ಅರಿಯದವರಿಲ್ಲ. ರಾಷ್ಟ್ರಗಳು ಸಭೆ ಸೇರಿದಾಗ ಮಾತ್ರ ಇದು ಮರೆತುಹೋಗುತ್ತದೆ. ಪ್ಯಾಲೆಸ್ಟೈನಿನ ನಿರಾಶ್ರಿತರಿಗಾಗಿ ವಿಶ್ವಸಂಸ್ಥೆಯು ಸ್ಥಾಪಿಸಿದ, ವೃತ್ತಪತ್ರಿಕೆಗಳಲ್ಲಿ ಯು.ಎನ್.ಆರ್.ಡಬ್ಲ್ಯು.ಎ. ಎಂದು ಕರೆಯಲ್ಪಡುವ ಪರಿಹಾರಸಂಸ್ಥೆಯ ಚರಿತ್ರೆಯೇ ಇದಕ್ಕೆ ನಿದರ್ಶನ.

ಇದನ್ನು ಋಣವೆನ್ನಲು ಕಾರಣವೇನು? 1947ನೆಯ ಇಸವಿ ನವೆಂಬರ್ 29ರಂದು ವಿಶ್ವಸಂಸ್ಥೆಯ ಮಹಾಸಭೆಯು, ಬ್ರಿಟಿಷರ ಆಡಳಿತದಲ್ಲಿದ್ದ ಪ್ಯಾಲೆಸ್ಟೈನನ್ನು ಯೆಹೂದ್ಯರಿಗೊಂದು, ಅರಬರಿಗೊಂದು ರಾಜ್ಯವಾಗಿ ವಿಭಾಗಿಸಬೇಕೆಂದು ನಿರ್ಣಯಿಸಿತು. ಪರವಾಗಿ 33 ಮತ, ವಿರುದ್ಧವಾಗಿ 13, ತಟಸ್ಥರು 10. ಅಮೆರಿಕ, ಸೋವಿಯೆತ್ ರಷ್ಯ, ಫ್ರಾನ್ಸುಗಳು ವಿಭಾಗದ ಪರವಾಗಿದ್ದುವು. ಆಳುತ್ತಿದ್ದ ಬ್ರಿಟನ್ನು ತಟಸ್ಥವಾಯಿತು. ಭಾರತವು ವಿರುದ್ಧವಾಗಿ ಮತವಿತ್ತಿತು. ಅನಂತರ ಹೊತ್ತಿದ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಅರಬರು ಮನೆಮಾರುಗಳನ್ನು ಕಳೆದುಕೊಂಡರು. ನೆರೆಯವರೊಡನೆ ಶಾಂತಿಯಿಂದ ಬಾಳಲಿಚ್ಛಿಸುವವರಿಗೆ ಮರಳಿ ಹೋಗಲು ಅವಕಾಶ ಕೊಡಬೇಕು, ಉಳಿದವರ ಆಸ್ತಿಗೆ ಪರಿಹಾರ ಕೊಡಬೇಕು ಎಂದು ಅದೇ ಮಹಾಸಭೆ 1948ರ ಡಿಸೆಂಬರಿನಲ್ಲಿ ನುಡಿಯಿತು. ಆ ನುಡಿ ನಡೆಯಲಿಲ್ಲ. ನಡೆಯುವವರೆಗೆ ಇವರು ಬದುಕಬೇಕಲ್ಲವೆ? ಆದಕಾರಣ 1949ರ ಡಿಸೆಂಬರ್ 8ರಂದು, ಒಂದೂ ವಿರೋಧಮತವಿಲ್ಲದೆ ಈ ಸಂಸ್ಥೆ ಸ್ಥಾಪಿತವಾಯಿತು. 1950ರ ಮೇ 1ರಂದು ಕೆಲಸಕ್ಕೆ ತೊಡಗಿತು.

ವಿಭಾಗವನ್ನು ನಿರ್ಣಯಿಸಿದವರು ಯಾರೋ, ಮರಳುವ ಮಾತು ಕೊಟ್ಟವರು ಯಾರೋ, ಪೋಷಣೆಯ ಹೊಣೆ ಹೊತ್ತವರೂ ಅವರೇ. ಹೀಗಿರಲು ಇದು ಋಣವಲ್ಲದೆ ಮತ್ತೇನು?

ಜೋರ್ಡಾನು, ಲೆಬನಾನು, ಸಿರಿಯ, ಪಶ್ಚಿಮದಂಡೆ, ಗಾಜಾ ಎಂಬ ಐದು ಪ್ರದೇಶಗಳು ಇದರ ಕಾರ್ಯಕ್ಷೇತ್ರ. ಇದರ ಲೆಕ್ಕಕ್ಕೆ ಸೇರಿದ ನಿರಾಶ್ರಿತರು ಸುಮಾರು 59 ಲಕ್ಷ, ಶಿಬಿರಗಳು 58. ಗುಡಾರ ಮತ್ತು ಹಿಟ್ಟುಗಳಿಂದ ಆರಂಭವಾದ ಕೆಲಸವು ಕಾಲಕ್ರಮದಲ್ಲಿ ಮುಖ್ಯವಾಗಿ ವಿದ್ಯಾದಾನವಾಯಿತು. 2023ರ ಯುದ್ಧಕ್ಕೆ ಮೊದಲು ಸುಮಾರು 700 ಶಾಲೆಗಳಲ್ಲಿ ಐದು ಲಕ್ಷಕ್ಕೆ ಮೀರಿ ಮಕ್ಕಳು ಓದುತ್ತಿದ್ದರು; ವೆಚ್ಚದ ಅರ್ಧಕ್ಕಿಂತ ಹೆಚ್ಚು ಶಾಲೆಗಳಿಗೇ ಸಲ್ಲುತ್ತಿತ್ತು. ಗಾಜಾದಲ್ಲಿ ಸ್ಥಳ ಸಾಲದೆ ಒಂದೇ ಕಟ್ಟಡದಲ್ಲಿ ಬೆಳಿಗ್ಗೆ ಒಂದು ಶಾಲೆ, ಮಧ್ಯಾಹ್ನ ಮತ್ತೊಂದು ಶಾಲೆ ನಡೆಯುತ್ತಿದ್ದುವು. ಸುಮಾರು 30 ಸಾವಿರ ನೌಕರರಲ್ಲಿ ಉಪಾಧ್ಯಾಯರೇ ಹೆಚ್ಚು. ಅವರಲ್ಲಿ ಬಹುಮಂದಿ ತಾವೂ ನಿರಾಶ್ರಿತರೇ. ನೆಲವನ್ನು ಕಳೆದುಕೊಂಡವನಿಗೆ ಹೊತ್ತುಕೊಂಡು ಹೋಗಬಹುದಾದ ಆಸ್ತಿ ವಿದ್ಯೆಯೊಂದೇ ಎಂಬುದನ್ನು ಆ ಜನ ಚೆನ್ನಾಗಿ ಅರಿತರು.

ಇನ್ನು ಹಣದ ಏರ್ಪಾಡನ್ನು ನೋಡಬೇಕು. ವಿಶ್ವಸಂಸ್ಥೆಯ ಸಾಮಾನ್ಯ ಆಯವ್ಯಯಕ್ಕೆ ಪ್ರತಿಯೊಂದು ರಾಷ್ಟ್ರವೂ ಗೊತ್ತುಮಾಡಿದ ಪಾಲನ್ನು ಕೊಡತಕ್ಕದ್ದು. ಆ ಬೊಕ್ಕಸದಿಂದ ಈ ಸಂಸ್ಥೆಗೆ ಬರುವುದು ಹೊರದೇಶಗಳಿಂದ ಬಂದ ಅಧಿಕಾರಿಗಳ ಸಂಬಳದಷ್ಟೇ. ಮಿಕ್ಕದ್ದೆಲ್ಲ, ಅಂದರೆ ಉಪಾಧ್ಯಾಯನ ವೇತನ, ಔಷಧ, ಧಾನ್ಯ ಎಲ್ಲವೂ ರಾಷ್ಟ್ರಗಳು ಇಚ್ಛೆಯಿಂದ ಹಾಕುವ ಕಾಣಿಕೆಯಿಂದ ನಡೆಯಬೇಕು. ಸಂಸ್ಥೆ ಇರಲೇಬೇಕೆಂದು ಕೆಲವು ವರ್ಷಗಳಿಗೊಮ್ಮೆ ಮತ ಹಾಕುತ್ತಾರೆ. 2025ರ ಡಿಸೆಂಬರಿನಲ್ಲಿಯೂ 150ಕ್ಕೆ ಮೀರಿದ ರಾಷ್ಟ್ರಗಳು ಕೈಯೆತ್ತಿ, ಅದರ ಆಯುಸ್ಸನ್ನು 2029ರ ಜೂನ್ 30ರವರೆಗೆ ಬೆಳೆಸಿದುವು. ಕೈಯೆತ್ತುವಾಗ ಕರ್ತವ್ಯ, ಕೈ ಚಾಚುವಾಗ ಔದಾರ್ಯ! ಕೋಳಿಯ ಅರ್ಧವನ್ನು ಅಡಿಗೆಗೆ, ಅರ್ಧವನ್ನು ಮೊಟ್ಟೆಗೆ ಎಂದು ವಿಭಾಗಿಸಹೊರಟವನ ಅರ್ಧಕುಕ್ಕುಟೀನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು.

ಇದರ ಫಲವೂ ತಕ್ಕಂತೆಯೇ ಆಯಿತು. 2017ರಲ್ಲಿ 36 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಅತಿದೊಡ್ಡ ದಾತೃವೆನಿಸಿದ್ದ ಅಮೆರಿಕವು 2018ರಲ್ಲಿ ಕೈ ಹಿಂತೆಗೆಯಿತು. ಆ ವರ್ಷ ಬೇಸಗೆಯ ರಜ ಮುಗಿದ ಮೇಲೆ ಶಾಲೆಗಳು ತೆರೆಯುವುವೋ ಇಲ್ಲವೋ ಎಂಬ ಸ್ಥಿತಿಯುಂಟಾಯಿತು. ಯೂರೋಪಿನವರೂ ಅರಬ್ ದೊರೆಗಳೂ ಹೆಚ್ಚಾಗಿ ಕೊಟ್ಟುದರಿಂದ ಶಾಲೆಗಳು ತೆರೆದುವು. ಆದರೆ ಅರಬ್ ರಾಷ್ಟ್ರಗಳ ಉತ್ಸಾಹವಾದರೂ ಎಷ್ಟು ದಿನ? 2018ರಲ್ಲಿ ಅವು ಕೊಟ್ಟದ್ದು ಸುಮಾರು 20 ಕೋಟಿ ಡಾಲರು. 2020ರ ವೇಳೆಗೆ ಅದರ ಐದನೆಯ ಒಂದು ಪಾಲೂ ಉಳಿಯಲಿಲ್ಲ. ಪ್ಯಾಲೆಸ್ಟೈನಿನ ಹೆಸರಿನಲ್ಲಿ ಭಾಷಣ ಮಾಡುವವರೂ ಮಾಡದವರೂ ಈ ವಿಷಯದಲ್ಲಿ ಸಮಾನರೇ.

2023ರ ಅಕ್ಟೋಬರ್ 7ರಂದು ಹಮಾಸಿನವರು ಇಸ್ರೇಲಿನ ಮೇಲೆ ಬಿದ್ದು ಸುಮಾರು 1,200 ಮಂದಿಯನ್ನು ಕೊಂದರು, ಅನೇಕರನ್ನು ಸೆರೆಯೊಯ್ದರು. ಅದು ಘೋರಕೃತ್ಯ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಸಂಸ್ಥೆಯ 12 ಮಂದಿ ನೌಕರರು ಅದರಲ್ಲಿ ಸೇರಿದ್ದರೆಂದು 2024ರ ಜನವರಿಯಲ್ಲಿ ಇಸ್ರೇಲು ಆರೋಪಿಸಿತು. ವಿಚಾರಣೆ ಮುಗಿಯುವ ಮೊದಲೇ 16 ದಾತೃಗಳು ಸುಮಾರು 45 ಕೋಟಿ ಡಾಲರುಗಳನ್ನು ತಡೆಹಿಡಿದುವು. ಗಾಜಾದ ಜನ ಹಸಿವಿನಿಂದ ಬಳಲುತ್ತಿದ್ದ ಕಾಲವದು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೆಳೆದಂತಾಯಿತು. ಆ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ವಿಚಾರಣೆ ಮುಗಿಯಿತು. ಒಟ್ಟು 19 ಮಂದಿಯಲ್ಲಿ ಒಂಬತ್ತು ಮಂದಿ ಭಾಗಿಗಳಾಗಿದ್ದಿರಬಹುದೆಂದು ಕಂಡು, ಅವರನ್ನು ಕೆಲಸದಿಂದ ತೆಗೆಯಲಾಯಿತು. ತಪ್ಪಿತಸ್ಥನಾದ ಉಪಾಧ್ಯಾಯನನ್ನು ನ್ಯಾಯಸ್ಥಾನಕ್ಕೆ ಒಪ್ಪಿಸತಕ್ಕದ್ದು ಸರಿ. ಅವನ ಶಾಲೆಯ ಮಕ್ಕಳ ಊಟವನ್ನು ನಿಲ್ಲಿಸುವುದು ಯಾವ ಸ್ಮೃತಿಯ ದಂಡನೀತಿ?

ಇಲ್ಲಿ ಪೂರ್ವಪಕ್ಷಗಳನ್ನೂ ವಿಚಾರಿಸಬೇಕು. ಸಂಸ್ಥೆಯೇ ಶತ್ರುಗಳಿಂದ ತುಂಬಿದೆ ಎಂಬುದು ಮೊದಲನೆಯದು. ಫ್ರಾನ್ಸಿನ ಮಾಜಿ ವಿದೇಶಾಂಗಮಂತ್ರಿಣಿ ಕ್ಯಾಥರೀನ್ ಕೊಲೊನ್ನಾ ಅವರ ಸಮಿತಿಯು 2024ರ ಏಪ್ರಿಲಿನಲ್ಲಿ ಕೊಟ್ಟ ವರದಿಯು ಸಂಸ್ಥೆಯ ಲೋಪಗಳನ್ನು ಮುಚ್ಚಿಡಲಿಲ್ಲ; ಕೆಲವು ಪಠ್ಯಪುಸ್ತಕಗಳ ದೋಷಗಳನ್ನೂ ಹೇಳಿ, 50 ಸಲಹೆಗಳನ್ನಿತ್ತಿತು. ಆದರೆ ನಿಷ್ಪಕ್ಷಪಾತವನ್ನು ಕಾಯುವ ಏರ್ಪಾಡುಗಳು ಅಂಥ ಇತರ ಸಂಸ್ಥೆಗಳಿಗಿಂತ ಇಲ್ಲಿ ಹೆಚ್ಚಾಗಿಯೇ ಇವೆಯೆಂದೂ ತಿಳಿಸಿತು. ನೌಕರರಲ್ಲಿ ಗಣನೀಯ ಭಾಗವು ಹಮಾಸಿಗೆ ಸೇರಿದ್ದೆಂಬ ಆರೋಪವನ್ನು ಇಸ್ರೇಲು ಸ್ಥಾಪಿಸಿಲ್ಲವೆಂದು ಅಂತರರಾಷ್ಟ್ರೀಯ ನ್ಯಾಯಾಲಯವು 2025ರ ಅಕ್ಟೋಬರ್ 22ರ ತನ್ನ ಅಭಿಪ್ರಾಯದಲ್ಲಿ ಹೇಳಿತು. ಇತ್ತ ಈ ಯುದ್ಧದಲ್ಲಿ ಮಡಿದ ಸಂಸ್ಥೆಯ ನೌಕರರು 300ಕ್ಕೂ ಹೆಚ್ಚು. ಅವರ ಲೆಕ್ಕವನ್ನು ಆಕ್ಷೇಪಿಸುವವರು ಹೇಳುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು. ಸಂಸ್ಥೆ ಇರುವುದರಿಂದಲೇ ನಿರಾಶ್ರಿತರು ಮೊಮ್ಮಕ್ಕಳ ಕಾಲಕ್ಕೂ ನಿರಾಶ್ರಿತರಾಗಿ ಉಳಿದಿದ್ದಾರೆ. ಅದನ್ನು ಮುಚ್ಚಿದರೆ ಸಮಸ್ಯೆಯೂ ತೀರುತ್ತದೆ ಎಂಬುದು. ವೈದ್ಯನನ್ನು ಓಡಿಸಿದರೆ ರೋಗವೂ ಓಡುತ್ತದೆಯೆ? ನಿರಾಶ್ರಿತರ ಹಕ್ಕು ಸಂಸ್ಥೆಯ ಚೀಟಿಯಿಂದ ಹುಟ್ಟಿದ್ದಲ್ಲ. ವಿಶ್ವಸಂಸ್ಥೆಯ ಇತರ ಅಂಗಗಳಿಂದ ನೆರವು ಪಡೆಯುವವರನ್ನು 1951ರ ನಿರಾಶ್ರಿತರ ಒಡಂಬಡಿಕೆಯು ಹೊರಗಿಟ್ಟಿದೆ. ಆದರೆ ಅವರ ಪ್ರಶ್ನೆ ಇತ್ಯರ್ಥವಾಗದೆ ಆ ನೆರವು ನಿಂತರೆ, ಅವರು ತಾವಾಗಿಯೇ ಆ ಒಡಂಬಡಿಕೆಯ ಫಲಗಳಿಗೆ ಅರ್ಹರಾಗುವರೆಂದೂ ಅಲ್ಲಿಯೇ ಬರೆದಿದೆ. ಆದ್ದರಿಂದ ಸಂಸ್ಥೆ ಮುಚ್ಚಿದರೆ ಅಳಿಯುವುದು ಶಾಲೆಯೇ ಹೊರತು ನಿರಾಶ್ರಿತತ್ವವಲ್ಲ. ಇನ್ನು ಮನೆಗೆ ಮರಳಿಸುವ ಅಥವಾ ಬೇರೆಡೆ ನೆಲೆಗೊಳಿಸುವ ಅಧಿಕಾರವನ್ನು ರಾಷ್ಟ್ರಗಳು ಈ ಸಂಸ್ಥೆಗೆ ಕೊಡಲೇ ಇಲ್ಲ. ಕೊಡದ ಅಧಿಕಾರವನ್ನು ಏಕೆ ಚಲಾಯಿಸಲಿಲ್ಲವೆಂದು ಕೇಳುವುದು ಆಕ್ಷೇಪವಲ್ಲ, ಅಪಹಾಸ.

ಭಾರತದ ನಡೆ ಈ ವಿಷಯದಲ್ಲಿ ಮೆಚ್ಚತಕ್ಕದ್ದು. 1947ರಲ್ಲಿ ವಿಭಾಗ ಬೇಡವೆಂದ ಈ ರಾಷ್ಟ್ರವು 2018ರಲ್ಲಿ ವರ್ಷಕ್ಕೆ 12 ಲಕ್ಷ 50 ಸಾವಿರ ಡಾಲರುಗಳಿದ್ದ ತನ್ನ ಕಾಣಿಕೆಯನ್ನು 50 ಲಕ್ಷಕ್ಕೆ ಏರಿಸಿತು. ಹಲವರು ತಡೆಹಿಡಿದ 2024ರಲ್ಲಿಯೂ ಅಷ್ಟನ್ನು ಎರಡು ಕಂತುಗಳಲ್ಲಿ ಸಲ್ಲಿಸಿತು. ಆದರೆ ಇದೂ ದಾನವೇ. ಇಂದು ಕೊಟ್ಟವನು ನಾಳೆ ಕೊಡದಿರಬಹುದು. ಭಾರತವು ಮಾಡಬೇಕಾದ ದೊಡ್ಡ ಕೆಲಸವೆಂದರೆ, ಈ ಸಂಸ್ಥೆಯ ಶಾಲೆಗಳಿಗೂ ಚಿಕಿತ್ಸಾಲಯಗಳಿಗೂ ಬೇಕಾದ ಹಣವನ್ನು ಸಾಮಾನ್ಯ ಆಯವ್ಯಯದಿಂದ, ಪ್ರತಿಯೊಬ್ಬರ ಗೊತ್ತಾದ ಪಾಲಿನಂತೆ ಕೊಡಬೇಕೆಂದು ಮಹಾಸಭೆಯಲ್ಲಿ ಒತ್ತಾಯಿಸುವುದು.

ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತುಕೊಂಡೇ ಮನುಷ್ಯನು ಹುಟ್ಟುತ್ತಾನೆಂದು ಹಿರಿಯರು ಹೇಳಿದರು. ಈ ಋಣವಾದರೋ ಹುಟ್ಟಿನಿಂದ ಬಂದುದಲ್ಲ. ರಾಷ್ಟ್ರಗಳು ತಾವೇ ಕೈಯೆತ್ತಿ ಬರೆದುಕೊಟ್ಟ ಪತ್ರ. ತೀರಿಸುವವರೆಗೆ ಅದನ್ನು ದಾನವೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ.